ಮನೆಯಲ್ಲಿ ಎರಕ ಹೊಯ್ದ ಗುಂಡು: ಮೊದಲ ಮೂರು ಹತ್ತಿರ ಬೀಳುತ್ತವೆ, ಆಮೇಲೆ ಚದುರುತ್ತವೆ. ಯಾಕೆ?

ವಿಸ್ಕಾನ್ಸಿನ್_ಗೌಡ

ಎಲ್ಲರಿಗೂ ನಮಸ್ಕಾರ. ಊರು ಹಾಸನದ ಕಡೆ, ಈಗ ಇರುವುದು ವಿಸ್ಕಾನ್ಸಿನ್. ನನ್ನ ಹತ್ತಿರ ಹಳೇ ಮಾರ್ಲಿನ್ 336 ರೈಫಲ್ ಇದೆ, ಥರ್ಟಿ-ಥರ್ಟಿ ತೋಟಾದ್ದು. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಜಿಂಕೆ ಸೀಸನ್ ಶುರುವಾಗುತ್ತೆ, 9 ದಿನ. ಈ ಸಲ ನಾನೇ ಹೊಯ್ದ ಗುಂಡು ಹಾಕಿಕೊಂಡು ಹೋಗಬೇಕು ಅಂತ ತುಂಬಾ ಆಸೆ.

ಸೀಸ ಹಳೇ ಕಾರಿನ ಚಕ್ರದ ಸಮತೋಲಕ್ಕೆ ಹಾಕುವ ವೀಲ್ ವೇಟ್‌ಗಳದ್ದು. ಅಚ್ಚು 170 ಗ್ರೇನ್ (ಸುಮಾರು 11 ಗ್ರಾಂ) ಗುಂಡಿನದು, ಚಪ್ಪಟೆ ಮೂತಿ. ಹಿಂದುಗಡೆ ತಾಮ್ರದ ಗ್ಯಾಸ್ ಚೆಕ್ (ಬುಡಕ್ಕೆ ಹಾಕುವ ಸಣ್ಣ ಬಟ್ಟಲು) ಕೂರಿಸಿ, ದಪ್ಪ 0.309 ಇಂಚು ಬರುವ ಹಾಗೆ ಸೈಜ್ ಮಾಡಿದ್ದೇನೆ. ಮದ್ದು ಕೈಪಿಡಿಯಲ್ಲಿ ಎರಕದ ಗುಂಡಿಗೆ ಕೊಟ್ಟ ಶುರುವಿನ ಅಳತೆಯೇ, ಅದಕ್ಕಿಂತ ಮೇಲೆ ಹೋಗಿಲ್ಲ.

ಅಂಗಡಿಯ ತಾಮ್ರ ಹೊದಿಕೆಯ ತೋಟಾ ಹಾಕಿದರೆ 100 ಗಜಕ್ಕೆ 2 ಇಂಚಿನೊಳಗೆ ಬೀಳುತ್ತೆ. ನನ್ನದು ಮೊದಲ ಮೂರು ಚೆನ್ನಾಗಿ ಹತ್ತಿರ ಬಿದ್ದು, ಆಮೇಲೆ 5-6 ಇಂಚು ಚದುರುತ್ತೆ. ಮದ್ದು ಬದಲಾಯಿಸು ಅಂತ ಒಬ್ಬ ಗೆಳೆಯ ಹೇಳ್ತಾನೆ. ಬೇಟೆಯಲ್ಲಿ ಮೂರಕ್ಕಿಂತ ಜಾಸ್ತಿ ಗುಂಡು ಯಾರು ಹೊಡೀತಾರೆ, ಮೂರು ಸರಿ ಇದ್ರೆ ಸಾಕು ಅಂತ ಇನ್ನೊಬ್ಬ. ಇದನ್ನ ಸರಿಯಾಗಿ ಪರೀಕ್ಷೆ ಮಾಡೋದು ಹೇಗೆ?

ಮಿಶಿಗನ್_ಮಾವ

ಗೌಡ್ರೇ, ಮದ್ದಿನ ಮಾತು ಸದ್ಯಕ್ಕೆ ಬಿಡಿ. ಎರಕದ ಗುಂಡಿನಲ್ಲಿ ಮೊದಲು ನೋಡಬೇಕಾದ್ದು ಗುಂಡು ನಳಿಗೆಗೆ ಹೊಂದುತ್ತಾ ಅನ್ನೋದು. ಮಿಕ್ಕಿದ್ದೆಲ್ಲ ಆಮೇಲೆ.

ಅದಕ್ಕೂ ಮುಂಚೆ ಒಂದು ಕೆಲಸ. ಪ್ರತಿ ಹೊಡೆತವನ್ನೂ ದುರ್ಬೀನಿನಲ್ಲಿ ನೋಡಿ, ಯಾವ ತೂತು ಎಷ್ಟನೇ ಗುಂಡಿನದು ಅಂತ ಪಕ್ಕದಲ್ಲಿ ಇನ್ನೊಂದು ಕಾಗದದ ಮೇಲೆ ಗುರುತು ಹಾಕಿ. ಯಾಕೆ ಅಂದ್ರೆ ಮೂರು ಗುಂಡಿನ ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು) ನಂಬೋಕಾಗಲ್ಲ. ಏನೂ ಕೆಟ್ಟಿರದ ರೈಫಲ್ಲೇ ಆದರೂ ಗುಂಡು ಜಾಸ್ತಿಯಾದಷ್ಟೂ ಗ್ರೂಪ್ ಅಗಲವಾಗುತ್ತೆ. ಮೂರು ಗುಂಡಿನ ಗ್ರೂಪ್ ಸರಾಸರಿ 2 ಇಂಚು ಇದ್ದರೆ, ಅದೇ ತೋಟಾದ ಐದು ಗುಂಡಿನ ಗ್ರೂಪ್ ಸುಮಾರು ಎರಡೂವರೆ ಇಂಚು, ಹತ್ತರದ್ದು 3 ಇಂಚಿಗೂ ಸ್ವಲ್ಪ ಮೇಲೆ ಬರುತ್ತೆ. ಇದು ಬರೀ ಲೆಕ್ಕ, ರೈಫಲ್ ದೋಷ ಅಲ್ಲ. ಮೂರು ಸಾಕು ಅನ್ನುವ ನಿಮ್ಮ ಗೆಳೆಯರಿಗೆ ಇದನ್ನು ಹೇಳಿ. ಬೇಟೆಯಲ್ಲಿ ಒಂದೇ ಗುಂಡು ಹೊಡೀತೀವಿ, ನಿಜ. ಆದರೆ ಆ ಒಂದು ಎಲ್ಲಿ ಬೀಳಬಹುದು ಅಂತ ಗೊತ್ತಾಗಬೇಕಾದ್ರೆ ಬೆಂಚಿನ ಮೇಲೆ ಹತ್ತು ಹೊಡೆದಿರಬೇಕು.

ಗುರುತು ಹಾಕಿ ನೋಡಿದಾಗ ದೂರ ಬಿದ್ದವು ಯಾವ ಸರದಿಯವು ಬೇಕಾದ್ರೂ ಆಗಿದ್ದರೆ, ನಿಮ್ಮ ಗ್ರೂಪ್ ಇರೋದೇ ಅಷ್ಟು. ಪ್ರತಿ ಸಲವೂ ನಾಲ್ಕನೆಯದರಿಂದಲೇ ಚದುರೋಕೆ ಶುರುವಾದರೆ ನಳಿಗೆಯಲ್ಲಿ ಸೀಸ ಮೆತ್ತಿಕೊಳ್ತಿದೆ. ನನಗೆ ಎರಡನೆಯದೇ ಅನುಮಾನ.

ಈಗ ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಬೂದು ಬಣ್ಣದ ಗೆರೆ ಕಾಣುತ್ತಾ? ಎಲ್ಲಿ ಕಾಣುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ತೋಟಾ ಕೂರುವ ಜಾಗದ ಮುಂದೆಯೇ ಇದ್ದರೆ ಗುಂಡು ಸಣ್ಣದಾಗಿದೆ, ಬಿಸಿ ಅನಿಲ ಅದರ ಪಕ್ಕದಿಂದ ನುಗ್ಗಿ ಸೀಸ ಕೊರೀತಿದೆ. ನಳಿಗೆಯ ಬಾಯಿಯ ಹತ್ತಿರ ಮಾತ್ರ ಇದ್ದರೆ, ಗುಂಡು ಜಾರಲಿ ಅಂತ ಅದಕ್ಕೆ ಹಚ್ಚುವ ಮೇಣ ದಾರಿಯಲ್ಲೇ ಮುಗಿದುಹೋಗ್ತಿದೆ.

ನಿಮ್ಮ ಮಾರ್ಲಿನ್‌ನಲ್ಲಿ ಮೈಕ್ರೋ-ಗ್ರೂವ್ ಗೀರುಗಳಿದ್ದರೆ (ಗುಂಡನ್ನ ತಿರುಗಿಸೋಕೆ ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳು) ಅವು 12, ಆಳ ಕಡಿಮೆ. 1950ರ ದಶಕದಲ್ಲಿ ತಾಮ್ರ ಹೊದಿಕೆಯ ಗುಂಡಿಗೆ ಅಂತಲೇ ತಂದದ್ದು. ಎರಕದ ಗುಂಡಿಗೆ ಇದು ಆಗಿಬರಲ್ಲ ಅಂತ ಬಹಳ ಜನ ಹೇಳ್ತಾರೆ, ನಾನು ಒಪ್ಪಲ್ಲ. ಗುಂಡು ಸ್ವಲ್ಪ ದಪ್ಪ ಇರಬೇಕು, ಅಷ್ಟೇ. ನಳಿಗೆ ಅಳೆಯೋದು ಸುಲಭ. ಮೆತ್ತನೆಯ ಶುದ್ಧ ಸೀಸದ ತುಂಡಿಗೆ ಎಣ್ಣೆ ಸವರಿ, ಬಾಯಿಯ ಕಡೆಯಿಂದ ಮರದ ಕೋಲಿನಲ್ಲಿ ನಿಧಾನಕ್ಕೆ ತಳ್ಳಿ ಹೊರಗೆ ತೆಗೆಯಿರಿ. ಗೀರುಗಳು ಸಮ ಸಂಖ್ಯೆಯಲ್ಲಿ ಇರೋದರಿಂದ ಮೈಕ್ರೋಮೀಟರ್ ನೇರವಾಗಿ ಕೂರುತ್ತೆ. ಬಂದ ಅಳತೆಗಿಂತ ಗುಂಡು ಒಂದರಿಂದ ಎರಡು ಸಾವಿರಾಂಶ ಇಂಚು ದಪ್ಪ ಇರಲಿ.

ಇನ್ನೊಂದು, ಬಹಳ ಜನ ನೋಡದೇ ಬಿಡೋದು: ಕಟ್ಟಿದ ಒಂದು ತೋಟಾದಿಂದ ಗುಂಡು ಹೊರಗೆಳೆದು ಮತ್ತೆ ಅಳೆಯಿರಿ. ಮಾಮೂಲಿ ಡೈ ಸೆಟ್ (ತೋಟಾ ಕಟ್ಟುವ ಅಚ್ಚುಗಳು) ತಾಮ್ರ ಹೊದಿಕೆಯ ಗುಂಡಿನ ಅಳತೆಗೆ ಮಾಡಿದ್ದು. ಅದು ಕೇಸಿನ (ತೋಟಾದ ಹಿತ್ತಾಳೆ ಕೊಳವೆಯ) ಕತ್ತನ್ನ ಬಿಗಿಯಾಗೇ ಬಿಡುತ್ತೆ. ಮೆತ್ತನೆ ಗುಂಡನ್ನ ಅದರೊಳಗೆ ತುರುಕಿದಾಗ ಗುಂಡೇ ಹಿಂಡಿಹೋಗುತ್ತೆ. 0.309 ಹಾಕಿದ್ದೀನಿ ಅಂತ ನೀವು ಅಂದುಕೊಂಡಿರ್ತೀರಿ, ನಳಿಗೆಗೆ ಹೋಗೋದು ಬೇರೆ ಅಳತೆ.

ಗುಂಡುಗಳನ್ನ ಆರಿಸುವಾಗ ಬುಡವನ್ನ ಜಾಸ್ತಿ ಗಮನಿಸಿ. ಮೂತಿಯಲ್ಲಿ ಸಣ್ಣ ಸುಕ್ಕಿದ್ದರೆ ಅಷ್ಟು ವ್ಯತ್ಯಾಸ ಆಗಲ್ಲ. ಬುಡದ ಅಂಚು ಮೊಂಡಾಗಿದ್ದರೆ, ಗ್ಯಾಸ್ ಚೆಕ್ ಓರೆ ಕೂತಿದ್ದರೆ, ಅದು ನಳಿಗೆ ಬಿಡುವ ಕ್ಷಣದಲ್ಲೇ ಅನಿಲ ಒಂದು ಕಡೆಯಿಂದ ಮೊದಲು ನುಗ್ಗಿ ಗುಂಡನ್ನ ತಳ್ಳುತ್ತೆ. ನೂರು ವರ್ಷಕ್ಕೂ ಹಿಂದೆ ಫ್ರಾಂಕ್ಲಿನ್ ಮ್ಯಾನ್ ಅನ್ನೋ ಡಾಕ್ಟರ್ ಬೇಕಂತಲೇ ಗುಂಡುಗಳನ್ನ ಕೆಡಿಸಿ ಹೊಡೆದು ಇದನ್ನ ತೋರಿಸಿಕೊಟ್ಟರು. ಅಂಥವನ್ನ ಮತ್ತೆ ಕರಗಿಸಿಬಿಡಿ.

ವೀಲ್ ವೇಟ್‌ಗಳಲ್ಲಿ ಈಗ ಸತುವಿನವೂ ಬೆರೆತಿರುತ್ತವೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಸತು ಸುಮಾರು 420ಕ್ಕೆ. ಉರಿ ಮಿತಿಯಲ್ಲಿದ್ದರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತೆ, ಎತ್ತಿ ಹಾಕಿ. ಕರಗಿದ ಸೀಸದ ಹತ್ತಿರ ಒಂದು ಹನಿ ನೀರೂ ಬರಕೂಡದು, ಸಿಡಿಯುತ್ತೆ. ಅಡುಗೆಮನೆಯ ಒಂದು ಸೌಟನ್ನೂ ಇದಕ್ಕೆ ಮುಟ್ಟಬೇಡಿ. ಗಾಳಿ ಆಡುವ ಕಡೆ ಮಾಡಿ, ಮಕ್ಕಳನ್ನ ದೂರ ಇಡಿ. ಇದನ್ನ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಸ್ಯಾನ್_ಹೋಸೆ_ಭಟ್

ಪ್ರಶ್ನೆಗೆ ನೇರ ಉತ್ತರ ಅಲ್ಲ, ಆದರೆ ಬೇರೆ ರಾಜ್ಯದಲ್ಲಿ ಓದುವವರಿಗೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಬೇಟೆಯಾದ ಪ್ರಾಣಿಯ ಕರುಳಲ್ಲಿ ಉಳಿದ ಸೀಸದ ಚೂರು ತಿಂದು ಕಾಂಡರ್ ರಣಹದ್ದುಗಳು ಸಾಯುತ್ತಿದ್ದವು. ಹಾಗಾಗಿ ನಾವು ಇಲ್ಲಿ ಎರಕದ ಗುಂಡು ಹೊಡೆಯುವುದು ಕಾಗದಕ್ಕೆ ಮಾತ್ರ.

ಎಚ್-1ಬಿಯಲ್ಲಿ ಇರುವವರು ಇನ್ನೊಂದು ಗಮನಿಸಿ. ಆ ವೀಸಾದಲ್ಲಿ ಕೋವಿ ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನಿನ ತಡೆ ಇದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಲೈಸೆನ್ಸ್ ಅವಧಿ ಮುಗಿದಿದ್ದು ನೋಡದೆ ಇರಬೇಡಿ.

ಮಡಿಕೇರಿ_ಕೋವಿ

ಊರಿನಿಂದ ಓದುವವರಿಗೂ ಒಂದು ಮಾತು. ಕೊಡವರಿಗೆ, ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರವರೆಗೆ ಇದೆ. ಅದು ಕೋವಿ ಇಟ್ಟುಕೊಳ್ಳೋದಕ್ಕೆ. ತೋಟಾ ತಯಾರಿಸೋಕೆ ಅಲ್ಲ, ಅದಕ್ಕೆ ಆಯುಧ ಕಾಯ್ದೆಯಲ್ಲಿ ಬೇರೆ ಲೈಸೆನ್ಸ್ ಬೇಕು. 1972ರ ವನ್ಯಜೀವಿ ಕಾಯ್ದೆಯಡಿ ಈಗ ಬೇಟೆಯೂ ಇಲ್ಲ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಾವು ಗುಂಡು ಹೊಡೆಯೋದು ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ.

ಅಲ್ಲಿ ಕಲಿತದ್ದನ್ನ ಗೌಡರಿಗೆ ಹೇಳ್ತೀನಿ. ತೆಂಗಿನಕಾಯಿಗೆ ಅಭ್ಯಾಸದ ಹೊಡೆತ ಇರಲ್ಲ. ತಣ್ಣಗಿನ ನಳಿಗೆಯ ಮೊದಲ ಗುಂಡೇ ಲೆಕ್ಕ. ಅದನ್ನೂ ಬೇರೆಯಾಗಿ ಪರೀಕ್ಷೆ ಮಾಡಿ.

ವಿಸ್ಕಾನ್ಸಿನ್_ಗೌಡ

ಎಲ್ಲರಿಗೂ ಥ್ಯಾಂಕ್ಸ್. ಮಾವ ಹೇಳಿದ ಹಾಗೇ ಮಾಡಿದೆ. ನಳಿಗೆಯ ಗೀರಿನ ಅಳತೆ 0.3085 ಬಂತು. ತೋಟಾದಿಂದ ಎಳೆದ ಗುಂಡು 0.3075! ಬೂದು ಗೆರೆ ಶುರುವಿನಲ್ಲೇ ಇದೆ, ಬಾಯಿಯ ಹತ್ತಿರ ಸ್ವಚ್ಛ. ನಂಬರ್ ಹಾಕಿ ನೋಡಿದಾಗ ದೂರ ಹೋಗುವವು ಪ್ರತಿ ಸಲವೂ ಕೊನೆಯವೇ. ಈಗ ಏನು ಮಾಡಲಿ?

ಮಿಶಿಗನ್_ಮಾವ

ಹಾಗಾದ್ರೆ ಕಾರಣ ಸಿಕ್ಕಿತು. ಎರಕದ ಗುಂಡಿಗೆ ಅಂತ ಬರುವ ಎಕ್ಸ್‌ಪ್ಯಾಂಡರ್ ತಗೊಳ್ಳಿ, ಕೇಸಿನ ಕತ್ತು ಸಾಕಷ್ಟು ಅಗಲವಾಗಲಿ. ಗುಂಡನ್ನ 0.310ಕ್ಕೆ ಸೈಜ್ ಮಾಡಿ. ಕಟ್ಟಿದ ತೋಟಾ ಚೇಂಬರಿನಲ್ಲಿ ಒತ್ತಡ ಇಲ್ಲದೆ ಕೂರುತ್ತಾ ಅಂತ ರೇಂಜಿನಲ್ಲೇ, ಕೋವಿಯ ಬಾಯಿ ಗುರಿಯ ಕಡೆ ಇಟ್ಟು ನೋಡಿ. ಗುಂಡನ್ನ ಎಳೆದು ಮತ್ತೆ ಅಳೆಯಿರಿ. ಮದ್ದನ್ನ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ.

ಹೊಡೆಯೋ ಮುಂಚೆ ಹಳೇ ಸೀಸವನ್ನೂ, ಅಂಗಡಿ ತೋಟಾ ಬಿಟ್ಟುಹೋದ ತಾಮ್ರವನ್ನೂ ಪೂರ್ತಿ ತೆಗೆಯಿರಿ. ತಾಮ್ರ ಇದ್ದ ಕಡೆ ಸೀಸ ಬೇಗ ಹಿಡಿಯುತ್ತೆ. ಮೊದಲು 50 ಗಜಕ್ಕೆ ಹೊಡೆಯಿರಿ. ತೂತು ದುಂಡಗಿದೆಯಾ ನೋಡಿ, ಉದ್ದುದ್ದ ಇದ್ದರೆ ಗುಂಡು ತೂರಾಡ್ತಿದೆ. ದುಂಡಗಿದ್ದರೆ 100 ಗಜಕ್ಕೆ ಹೋಗಿ. ಹಳೇ ತೋಟಾ ಒಂದು, ಹೊಸದು ಒಂದು, ಹೀಗೆ ಸರದಿ ಹಾಕಿ ಹೋಲಿಸೋ ಆಸೆ ಬರುತ್ತೆ. ಎರಡು ಒಳ್ಳೇ ಲೋಡ್ ಇದ್ದಾಗ ಅದೇ ಸರಿ, ಗಾಳಿ, ಬಿಸಿ, ಆಯಾಸ ಎರಡಕ್ಕೂ ಸಮನಾಗಿ ಹಂಚಿಹೋಗುತ್ತೆ. ನಿಮ್ಮ ವಿಷಯದಲ್ಲಿ ಬೇಡ. ಹಳೇದು ಬಿಟ್ಟ ಸೀಸ ಹೊಸದನ್ನೂ ಕೆಡಿಸುತ್ತೆ.

ಮಡಿಕೇರಿಯವರ ಮಾತು ನೂರಕ್ಕೆ ನೂರು ಸರಿ. ಒಂದು ಕಾಗದ ಬೇರೆ ಇಟ್ಟುಕೊಳ್ಳಿ. ರೇಂಜಿಗೆ ಹೋದಾಗಲೆಲ್ಲ ಮೊದಲ ಗುಂಡು ಅದಕ್ಕೇ. ಆ ಕಾಗದ ಬದಲಾಯಿಸಬೇಡಿ. ನವೆಂಬರ್ ಚಳಿಯಲ್ಲೂ ಹೊಡೆದು ನೋಡಿ, ಕೆಲವು ಮೇಣ ಚಳಿಗೆ ಗಟ್ಟಿಯಾಗಿ ಮೊದಲ ಗುಂಡನ್ನ ಆಚೆ ಎಸೆಯುತ್ತೆ. ಜಿಂಕೆಯ ಶ್ವಾಸಕೋಶ, ಹೃದಯದ ಜಾಗ ಸುಮಾರು 8 ಇಂಚು. ನಿಮ್ಮ ಹತ್ತು ಗುಂಡಿನ ಗ್ರೂಪೂ, ಆ ಕಾಗದದ ಒಂಟಿ ತೂತುಗಳೂ 100 ಗಜಕ್ಕೆ 4 ಇಂಚಿನೊಳಗೆ ಬಂದರೆ ಅಷ್ಟು ದೂರಕ್ಕೆ ಧೈರ್ಯವಾಗಿ ಹೋಗಿ. 50 ಗಜಕ್ಕೆ ಮಾತ್ರ ಅಷ್ಟು ಬಂದರೆ 50 ಗಜಕ್ಕಿಂತ ಆಚೆಯ ಜಿಂಕೆಗೆ ಟ್ರಿಗರ್ ಎಳೆಯಬೇಡಿ. ಗಾಯವಾಗಿ ಓಡಿಹೋದ ಪ್ರಾಣಿ ನರಳಿ ಸಾಯುತ್ತೆ, ಅದು ಯಾವ ಕಾರಣಕ್ಕೂ ಆಗಬಾರದು.

ಹೊಸ ಕಾಗದದ ಫೋಟೋ ಹಾಕಿ, ನಂಬರ್ ಸಮೇತ.