ಪದಚರ್ಚೆ: ಕಣಕಾಲೋ, ಹರಡೋ, ಗುಲ್ಫವೋ? (ಗುರುವಾರದೊಳಗೆ ಬೇಕು)

ಬೆಂಗಳೂರಿನಿಂದ, ಪ್ರಶ್ನೆ

ಮಾನ್ಯರೇ,

ಇಲ್ಲಿನ ಆಸ್ಪತ್ರೆಯೊಂದು ಪಾದ ಮತ್ತು ಆಂಕಲ್‌ನ (ಕಾಲೂ ಪಾದವೂ ಕೂಡುವ ಕೀಲಿನ) ಜಟಿಲ ತೊಂದರೆಗಳ ಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆಯುತ್ತಿದೆ. ಅದರ ಹೆಸರುಫಲಕ, ರೋಗಿಗಳಿಗೆ ಕೊಡುವ ಎಂಟು ಪುಟಗಳ ಕೈಪಿಡಿ ಮತ್ತು ಒಪ್ಪಿಗೆ ಪತ್ರ, ಈ ಮೂರರ ಕನ್ನಡವೂ ನನ್ನ ಪಾಲಿಗೆ ಬಂದಿದೆ. ಫಲಕ ಗುರುವಾರ ಅಚ್ಚಿಗೆ ಹೋಗಬೇಕು. ಫಲಕದ ಮೇಲ್ಭಾಗದಲ್ಲಿ ಶೇ 60ರಷ್ಟು ಕನ್ನಡವೇ ಇರಬೇಕೆಂಬ 2024ರ ತಿದ್ದುಪಡಿ ಬಂದ ಮೇಲೆ ಅಕ್ಷರಗಳು ದೊಡ್ಡವಾಗಿವೆ, ಹಾಗಾಗಿ ತಪ್ಪೂ ದೊಡ್ಡದಾಗಿಯೇ ಕಾಣುತ್ತದೆ.

ಕರಡಿನಲ್ಲಿ ನಾನು ‘ಪಾದ ಮತ್ತು ಕಣಕಾಲು ಶಸ್ತ್ರಚಿಕಿತ್ಸಾ ವಿಭಾಗ’ ಎಂದು ಬರೆದಿದ್ದೆ. ಸಂಶಯ ಬಂದು, ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತಿದ್ದ ಐದು ಮಂದಿಯನ್ನು ‘ಕಣಕಾಲು ಎಲ್ಲಿದೆ, ಮುಟ್ಟಿ ತೋರಿಸುತ್ತೀರಾ’ ಎಂದು ಕೇಳಿದೆ. ಇಬ್ಬರು ಮೊಣಕಾಲಿನ ಕೆಳಗೆ ಮುಂದಿನ ಮೂಳೆಯ ಮೇಲೆ ಕೈಯಿಟ್ಟರು, ಒಬ್ಬರು ಮೀನಖಂಡವನ್ನು ಹಿಡಿದರು, ಕಾಲೇಜು ಹುಡುಗನೊಬ್ಬ ಮೊಣಕಾಲನ್ನೇ ತಟ್ಟಿದ. ಚನ್ನಪಟ್ಟಣದ ಕಡೆಯ ಅಜ್ಜಿಯೊಬ್ಬರು ಮಾತ್ರ ಸೀರೆಯ ಅಂಚನ್ನು ತುಸು ಎತ್ತಿ, ಗೆಜ್ಜೆ ಕಟ್ಟುವ ಜಾಗದ ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿ, ‘ಇದನ್ನ ನೀವು ಕಣಕಾಲು ಅಂದ್ರೆ ನಂಗೊತ್ತಿಲ್ಲ, ನಾವು ಹರಡು ಅನ್ನೋದು’ ಎಂದರು. ಜೊತೆಯಲ್ಲಿದ್ದ ಅವರ ಮೊಮ್ಮಗಳಿಗೆ ಆ ಪದ ಗೊತ್ತಿರಲಿಲ್ಲ.

ಫಲಕಕ್ಕೆ ಯಾವುದನ್ನು ಹಾಕಲಿ? ಇದರ ಜೊತೆಗೆ, ಕೀಲಿನ ಎರಡು ಮೂಳೆಗಳನ್ನು ಒಂದಾಗಿಸುವ ಆರ್ಥ್ರೋಡೆಸಿಸ್‌ಗೆ ‘ಕೀಲು ಸಮ್ಮಿಳನ’ ಎಂದೂ, ಟೆಂಡನ್‌ಗೆ ‘ಸ್ನಾಯುರಜ್ಜು’ ಎಂದೂ, ಮಧುಮೇಹಿಗಳಲ್ಲಿ ಪಾದದ ಮೂಳೆಗಳು ಕುಸಿಯುವ ರೋಗಕ್ಕೆ ‘ಚಾರ್ಕಾಟ್ ಪಾದ’ ಎಂದೂ ಬರೆದಿದ್ದೇನೆ. ಇವನ್ನೂ ನೋಡಿ ತಿದ್ದಬೇಕಾಗಿ ವಿನಂತಿ.

ಮೈಸೂರಿನಿಂದ

ಅಜ್ಜಿ ಹೇಳಿದ್ದು ಸರಿ. ಮುಂದಿನ ಮೂಳೆಯನ್ನು ತೋರಿಸಿದ ಇಬ್ಬರೂ ಸರಿ. ತಪ್ಪಿದ್ದು ನಿಮ್ಮ ಕರಡು.

ಕಣಕಾಲಿನಲ್ಲಿರುವುದು ಕಣೆ, ಅಂದರೆ ಬಾಣ, ನೀಳವಾದ ಕೋಲು. ಮೊಣಕಾಲಿನಿಂದ ಕೆಳಕ್ಕೆ ಬಾಣದಂತೆ ಇಳಿಯುವ ಭಾಗವೇ ಕಣೆಕಾಲು. ತಮಿಳಿನ ಕಣೈಕ್ಕಾಲ್ ಎಂಬುದೂ ಅದೇ. ಆಂಕಲ್‌ಗೆ ತಮಿಳರು ಬಳಸುವುದು ಕಣುಕ್ಕಾಲ್ ಎಂಬ ಇನ್ನೊಂದು ಪದವನ್ನು, ಅದರಲ್ಲಿರುವುದು ಕಣು, ನಮ್ಮ ಕಬ್ಬಿನ ಗಿಣ್ಣು. ಐಕಾರ, ಉಕಾರಗಳ ಭೇದದಿಂದ ತಮಿಳಿನಲ್ಲಿ ಬೇರೆಬೇರೆಯಾಗಿ ನಿಂತಿರುವ ಎರಡು ಪದಗಳನ್ನು ನಾವು ‘ಕಣ’ ಎಂಬ ಒಂದೇ ಉಚ್ಚಾರಣೆಗೆ ಇಳಿಸಿಕೊಂಡಿದ್ದೇವೆ, ಆಮೇಲೆ ಯಾವುದು ಯಾವುದೆಂದು ಪದಚರ್ಚೆಯ ಈ ಅಂಚೆಪಟ್ಟಿಗೆ ಬರೆಯುತ್ತೇವೆ. ‘ಹರಡು’ ಎಂಬುದಕ್ಕೆ ಈ ಗೋಜಲು ಇಲ್ಲ. ಹಳಗನ್ನಡದ ಪರಡು, ಪಾಲ್ ಹಾಲಾದಂತೆ, ಪಲ್ ಹಲ್ಲಾದಂತೆ, ಹರಡು ಆಗಿದೆ. ತಮಿಳಿನಲ್ಲಿ ಅದು ಇಂದಿಗೂ ಪರಡು ಎಂದೇ ಉಳಿದಿದೆ, ಅರ್ಥವೂ ಅದೇ. ದಾಸರ ಪದಗಳಲ್ಲಿ ಬರುವ ‘ಹರಡಿ’ ಎಂಬ ಕೈಯಾಭರಣವನ್ನು ನೆನೆಯಿರಿ. ಕೈಯ ಹರಡಿಗೆ ಹಾಕುವುದು ಹರಡಿ, ಕಾಲ ಹರಡಿಗೆ ಹಾಕುವುದು ಅಂದುಗೆ. ಇಷ್ಟು ಹಳೆಯ, ಇಷ್ಟು ಖಚಿತವಾದ ಪದ ಕೈಯಲ್ಲಿರುವಾಗ ಪ್ರಶ್ನೆ ಏಕೆ ಹುಟ್ಟಿತೆಂಬುದೇ ನನಗೆ ಆಶ್ಚರ್ಯ.

ಶಿರಸಿಯಿಂದ

‘ಹರಡು’ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆದರೆ ಓದುವವರು ಏನನ್ನು ಹರಡಬೇಕೆಂದು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಹರಡುವುದು ಸೋಂಕು ಒಂದೇ.

‘ಗುಲ್ಫ’ ಎಂದು ಬರೆಯಿರಿ. ಸುಶ್ರುತಸಂಹಿತೆಯ 107 ಮರ್ಮಗಳಲ್ಲಿ ಗುಲ್ಫವೂ ಒಂದು. ಅದು ಪಾದವೂ ಜಂಘೆಯೂ (ಮೊಣಕಾಲಿನ ಕೆಳಗಿನ ಭಾಗ) ಕೂಡುವೆಡೆ ಎಂದು ಅಲ್ಲಿ ಜಾಗವನ್ನೂ ಹೇಳಿದೆ, ಅಲ್ಲಿಗೆ ಪೆಟ್ಟಾದರೆ ನೋವು, ಪಾದ ಸೆಟೆದುಕೊಳ್ಳುವುದು ಅಥವಾ ಕುಂಟುತನ ಬರುತ್ತದೆಂದು ಫಲವನ್ನೂ ಹೇಳಿದೆ. ನಿಮ್ಮ ಹೊಸ ವಿಭಾಗಕ್ಕೆ ಬರುವ ರೋಗಿಗಳ ದೂರೂ ಇದಕ್ಕಿಂತ ಬೇರೆಯಾಗಿರಲಾರದು. ಮೇಲಾಗಿ ‘ಹರಡುಶಸ್ತ್ರಚಿಕಿತ್ಸೆ’ ಎಂದರೆ ಕನ್ನಡ, ಸಂಸ್ಕೃತ ಪದಗಳು ಬೆರೆತ ಅರಿಸಮಾಸ, ‘ಗುಲ್ಫಶಸ್ತ್ರಚಿಕಿತ್ಸೆ’ಗೆ ಆ ದೋಷವಿಲ್ಲ.

ಮೈಸೂರಿನಿಂದ, ಮತ್ತೆ

‘ಹರಡಿನ ಶಸ್ತ್ರಚಿಕಿತ್ಸೆ’ ಎಂದು ವಿಭಕ್ತಿ ಹಚ್ಚಿದರೆ ಅರಿಸಮಾಸವೂ ಇಲ್ಲ, ಕ್ರಿಯಾಪದದ ಭ್ರಾಂತಿಯೂ ಇಲ್ಲ. ಗುಲ್ಫ ಎಲ್ಲಿದೆಯೆಂದು ಆ ಐದು ಮಂದಿಯನ್ನು ಕೇಳಿ ಬನ್ನಿ.

ದಾವಣಗೆರೆಯಿಂದ

ಇಬ್ಬರು ಹಿರಿಯರೂ ‘ಶಸ್ತ್ರಚಿಕಿತ್ಸೆ’ ಎಂಬ ಒತ್ತಕ್ಷರದ ಮೂಟೆಯನ್ನು ಮಾತ್ರ ಅಲುಗಿಸದೆ ಹಾಗೆಯೇ ಬಿಟ್ಟಿರುವುದು ಸೋಜಿಗ. ಹರಡನ್ನು ಒಪ್ಪುವುದಾದರೆ ಪಾದವೇಕೆ? ಅಡಿ ಇಲ್ಲವೇ? ‘ಅಡಿ-ಹರಡುಗಳ ಕೊಯ್ಮದ್ದು’ ಎಂದರೆ ಹದಿನಾಲ್ಕು ಅಕ್ಷರಗಳೂ ಬೇಕಿಲ್ಲ, ಎಲ್ಲವೂ ನಮ್ಮ ನೆಲದ್ದೇ. ಕೀಲು ಎಂಬ ಪದವನ್ನು ಉಳಿಸಿಕೊಂಡಿದ್ದಕ್ಕೆ ಪ್ರಶ್ನೆ ಕೇಳಿದವರನ್ನು ಮೆಚ್ಚುತ್ತೇನೆ. ಅದೊಂದಾದರೂ ನಮ್ಮದಾಗಿ ಉಳಿದಿದೆ.

ಶಿರಸಿಯಿಂದ

ಕೀಲು ಸಂಸ್ಕೃತದ ಕೀಲದ ತದ್ಭವ. ‘ಅಡಿ’ ಎಂದು ಕೊಟ್ಟರೆ ಫಲಕ ಬರೆಯುವವನು ಎಷ್ಟು ಅಡಿ ಎಂದು ಕೇಳುತ್ತಾನೆ.

ಹುಬ್ಬಳ್ಳಿಯಿಂದ

ಮೂಳೆ ಶಸ್ತ್ರವೈದ್ಯನಾದ ನಾನು ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಓದುಗ ಮಾತ್ರ. ಆದರೆ ಫಲಕದ ಒಂದು ಪದಕ್ಕೆ ಇಷ್ಟು ಪತ್ರಗಳು ಬಂದಿರುವಾಗ, ತಪ್ಪಾದರೆ ನಿಜವಾಗಿ ತೊಂದರೆಯಾಗುವ ಒಪ್ಪಿಗೆ ಪತ್ರದ ಕಡೆ ಯಾರೂ ತಿರುಗಿ ನೋಡದ್ದರಿಂದ ಬರೆಯುತ್ತಿದ್ದೇನೆ. ದಾರಿ ತಪ್ಪಿದ ರೋಗಿಗೆ ಕಾವಲುಗಾರ ದಾರಿ ತೋರಿಸುತ್ತಾನೆ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರಿಗೆ ಯಾರೂ ಇಲ್ಲ.

‘ಕೀಲು ಸಮ್ಮಿಳನ’ ಬೇಡ. ಈ ಚಿಕಿತ್ಸೆಯಲ್ಲಿ ನಾವು ಸವೆದ ಕೀಲಿನ ಮೃದ್ವಸ್ಥಿಯನ್ನು ಪೂರ್ತಿ ಕೆರೆದು ತೆಗೆದು, ಕಾಲಿನ ಮೂಳೆಯನ್ನೂ ಅದರ ಕೆಳಗಿನ ಟೇಲಸ್ ಮೂಳೆಯನ್ನೂ ಪಾದ ಕಾಲಿಗೆ ಲಂಬವಾಗಿರುವಂತೆ ಒಂದಕ್ಕೊಂದು ಒತ್ತಿ, ಸ್ಕ್ರೂಗಳಿಂದ ಬಿಗಿಯುತ್ತೇವೆ. ಮೂರು ತಿಂಗಳ ಆಸುಪಾಸಿನಲ್ಲಿ ಎರಡೂ ಸೇರಿ ಒಂದೇ ಮೂಳೆಯಾಗುತ್ತವೆ. ನೋವು ಹೋಗುತ್ತದೆ, ಅದರೊಂದಿಗೆ ಆ ಕೀಲಿನ ಚಲನೆಯೂ ಶಾಶ್ವತವಾಗಿ ಹೋಗುತ್ತದೆ. ಸಮನೆಲದಲ್ಲಿ ನಡೆಯುವುದಕ್ಕೆ ಅಡ್ಡಿಯಿರುವುದಿಲ್ಲ, ಆದರೆ ಕುಕ್ಕರುಗಾಲಿನಲ್ಲಿ ಕೂರುವುದು, ಇಳಿಜಾರಿನಲ್ಲಿ ನಡೆಯುವುದು ಕಷ್ಟವಾಗುತ್ತದೆ, ವರ್ಷಗಳು ಕಳೆದಂತೆ ಅಕ್ಕಪಕ್ಕದ ಕೀಲುಗಳು ಸವೆಯಬಹುದು. ಹೊಲದಲ್ಲಿ ಕುಳಿತು ಕಳೆ ತೆಗೆಯುವ ಹೆಂಗಸಿಗೆ ಇದು ಮೊದಲು ತಿಳಿಯಬೇಕಾದ ಸಂಗತಿ, ಸಮ್ಮಿಳನ ಎಂಬ ಪದದಲ್ಲಿ ಇದರ ಸುಳಿವೂ ಇಲ್ಲ.

‘ಕೀಲು ಕೂಡಿಸುವುದು’ ಎಂದು ಕೆಲವು ವರ್ಷ ಹೇಳಿ ನೋಡಿದೆ. ಕೀಲು ತಪ್ಪಿದ್ದನ್ನು ಮರಳಿ ಕೂಡಿಸುವುದಕ್ಕೂ ಜನ ಅದೇ ಮಾತನ್ನು ಬಳಸುವುದರಿಂದ, ಕೂಡಿಸಿದ ಮೇಲೆ ಕೀಲು ಮೊದಲಿನಂತೆ ಆಡುತ್ತದೆಂದು ನಂಬಿ ಒಪ್ಪಿಕೊಂಡವರಿದ್ದರು. ಆಮೇಲೆ ‘ಕೀಲು ಬೆಸುಗೆ’ಗೆ ಬಂದೆ. ಬೆಸೆದದ್ದು ಬಿಡುವುದಿಲ್ಲ, ಬೆಸೆದ ಜಾಗ ಮಣಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ಮಾತ್ರ ನನ್ನನ್ನೇ ದಿಟ್ಟಿಸಿ ‘ಬೆಂಕಿ ಹಚ್ತೀರೇನ್ರೀ ಒಳಗ?’ ಎಂದು ಕೇಳಿದರು. ಇಲ್ಲ, ಸ್ಕ್ರೂ ಹಾಕುತ್ತೇವೆ ಎಂದೆ. ‘ಹಂಗಾರ ಅದು ಬೆಸುಗಿ ಅಲ್ಲ, ಫಿಟ್ಟಿಂಗ್’ ಎಂದರು. ಆದರೂ ಕೀಲು ಇನ್ನು ಮಣಿಯುವುದಿಲ್ಲವೆಂಬುದು ಅವರಿಗೆ ಅರ್ಥವಾಗಿತ್ತು, ನನಗೆ ಅಷ್ಟೇ ಬೇಕಿತ್ತು. ಕೈಪಿಡಿಯಲ್ಲಿ ‘ಕೀಲು ಬೆಸುಗೆ’ ಎಂದು ಬರೆದು, ಮುಂದಿನ ವಾಕ್ಯದಲ್ಲೇ ‘ಇದಾದ ಮೇಲೆ ಈ ಕೀಲು ಮಡಿಚುವುದಿಲ್ಲ’ ಎಂದು ಸೇರಿಸಿ.

ಟೆಂಡನ್‌ಗೆ ಆಡುಮಾತಿನಲ್ಲಿ ‘ನರ’ ಎನ್ನುತ್ತಾರೆ. ಒಪ್ಪಿಗೆ ಪತ್ರಕ್ಕೆ ಅದನ್ನು ದಯವಿಟ್ಟು ತರಬೇಡಿ. ಒಂದು ಕಾಗದದಲ್ಲಿ ‘ಹಿಮ್ಮಡಿಯ ನರವನ್ನು ಕತ್ತರಿಸಿ ಉದ್ದ ಮಾಡಲಾಗುವುದು’ ಎಂದು ಓದಿದ ತಂದೆಯೊಬ್ಬರು, ಮಗುವಿನ ಕಾಲಿಗೆ ಸ್ವಾಧೀನವೇ ಹೋಗುತ್ತದೆಂದು ತಿಳಿದು ಚಿಕಿತ್ಸೆಯನ್ನೇ ಬೇಡವೆಂದಿದ್ದರು. ‘ಸ್ನಾಯುರಜ್ಜು’ ಇರಲಿ, ಆದರೆ ಮೊದಲ ಸಲ ಬರುವಲ್ಲಿ ‘ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ’ ಎಂದು ಬಿಡಿಸಿ ಹೇಳಿ. ಶಿರಸಿಯವರು ಒಪ್ಪುತ್ತಾರೋ ತಿಳಿಯೆ, ಸುಶ್ರುತನಲ್ಲಿ ಮಾಂಸಖಂಡಕ್ಕೆ ಪೇಶಿ ಎಂಬ ಹೆಸರಿದ್ದು, ಸ್ನಾಯು ಎಂದರೆ ಕಟ್ಟುವ ಹುರಿಯೇ. ಮಾಂಸಖಂಡವನ್ನು ಸ್ನಾಯು ಎಂದು ಕರೆಯತೊಡಗಿ, ಹುರಿಗೆ ಹೆಸರಿಲ್ಲದಂತಾದಾಗ ‘ರಜ್ಜು’ ಅಂಟಿಸಿದವರು ನಾವೇ.

‘ಚಾರ್ಕಾಟ್’ ಅಲ್ಲ, ‘ಶಾರ್ಕೋ’. ಅದು ಫ್ರೆಂಚ್ ವೈದ್ಯರೊಬ್ಬರ ಹೆಸರು, ಕೊನೆಯ ಟಕಾರಕ್ಕೆ ಉಚ್ಚಾರವಿಲ್ಲ. ಅವರು 1868ರಲ್ಲಿ ಈ ಕೀಲುರೋಗವನ್ನು ವಿವರಿಸಿದ್ದು ಸಿಫಿಲಿಸ್‌ನಿಂದ ಬೆನ್ನುಹುರಿ ಕೆಟ್ಟವರಲ್ಲಿ, ಮಧುಮೇಹಿಗಳಲ್ಲಿ ಅಲ್ಲ. ಆದ್ದರಿಂದ ‘ಸಕ್ಕರೆ ಪಾದ’ ಎಂಬ ಅನುವಾದ ಯಾರಿಗಾದರೂ ಹೊಳೆದಿದ್ದರೆ ಅದನ್ನು ಅಲ್ಲಿಗೇ ಬಿಡಬೇಕು. ಮಧುಮೇಹದ ಪಾದ ಎಂದರೆ ಹುಣ್ಣು, ಕೊಳೆತ ಎಲ್ಲವೂ ಒಳಗೊಳ್ಳುವ ದೊಡ್ಡ ಗುಂಪು. ಕೈಪಿಡಿಯಲ್ಲಿ ಹೆಸರಿಗಿಂತ ಲಕ್ಷಣ ಮುಖ್ಯ: ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದ್ದರೂ ಹೆಚ್ಚು ನೋವು ಇರುವುದಿಲ್ಲ, ಏಕೆಂದರೆ ಸ್ಪರ್ಶಜ್ಞಾನ ಆಗಲೇ ಹೋಗಿರುತ್ತದೆ. ನೋವಿಲ್ಲವೆಂದು ನಡೆಯುತ್ತಲೇ ಇದ್ದರೆ ಒಳಗಿನ ಮೂಳೆಗಳು ಮುರಿದು ಕುಸಿದು, ಅಂಗಾಲಿನ ಕಮಾನು ದೋಣಿಯ ತಳದಂತೆ ಕೆಳಕ್ಕೆ ಉಬ್ಬುತ್ತದೆ. ಜಟಿಲ ಎಂಬ ವಿಶೇಷಣ ಸಾರ್ಥಕವಾಗುವುದು ಇಂಥಲ್ಲಿ.

ಹುಟ್ಟಿನಿಂದ ಪಾದ ಒಳಕ್ಕೆ ತಿರುಗಿರುವ ಮಕ್ಕಳ ವಿಷಯ ಕೈಪಿಡಿಯಲ್ಲಿದ್ದರೆ ‘ಸೊಟ್ಟಗಾಲು’ ಎಂದು ಬರೆಯಬೇಡಿ. ಊರಿನಲ್ಲಿ ಅದು ಬೈಗುಳ. ‘ಒಳತಿರುಗಿದ ಪಾದ’ ಎಂದರೆ ಸಾಕು. ಇಂಥ ಬಹುಪಾಲು ಮಕ್ಕಳಿಗೆ ಪಾನ್ಸೆಟಿ ವಿಧಾನದಂತೆ ವಾರಕ್ಕೊಂದು ಪ್ಲಾಸ್ಟರ್ ಬದಲಿಸಿ, ಕೊನೆಗೆ ಹಿಮ್ಮಡಿಯ ಹುರಿಯನ್ನು ಸಣ್ಣದಾಗಿ ಕೊಯ್ದು ಸರಿಪಡಿಸುವುದರಿಂದ ಅವರು ನಿಮ್ಮ ಹೊಸ ವಿಭಾಗದವರೆಗೆ ಬರಬೇಕಾಗುವುದಿಲ್ಲ. ಮರುಕಳಿಸಿದವರು, ತಡವಾಗಿ ಬಂದವರು ಬರುತ್ತಾರೆ.

ಫಲಕದ ಪದದಲ್ಲಿ ನನಗೆ ಪಕ್ಷವಿಲ್ಲ. ನಾನು ರೋಗಿಗಳಿಗೆ ಹೇಳುವುದು ‘ಗೆಜ್ಜಿ ಕಟ್ಟೋ ಜಾಗ’ ಎಂದು.

ಮಂಗಳೂರಿನಿಂದ

ಪತ್ರಿಕೆಯ ಕ್ರೀಡಾಪುಟದಲ್ಲಿ ಹತ್ತು ವರ್ಷ ಕಳೆದವನ ಅನುಭವವನ್ನೂ ಸೇರಿಸಿಕೊಳ್ಳಿ. 2023ರ ವಿಶ್ವಕಪ್‌ನಲ್ಲಿ, ಪುಣೆಯಲ್ಲಿ ಬಾಂಗ್ಲಾದೇಶದ ಎದುರು ಚೆಂಡನ್ನು ಕಾಲಿನಿಂದ ತಡೆಯಲು ಹೋಗಿ ಹಾರ್ದಿಕ್ ಪಾಂಡ್ಯ ಎಡಗಾಲಿನ ಆಂಕಲ್ ನೋಯಿಸಿಕೊಂಡ ರಾತ್ರಿ, ನಮ್ಮ ಮೇಜಿನಲ್ಲೇ ಒಬ್ಬರು ಕಣಕಾಲು ಎಂದೂ, ಒಬ್ಬರು ಪಾದ ಎಂದೂ, ಒಬ್ಬರು ಹಿಮ್ಮಡಿ ಎಂದೂ ಬರೆದು, ಮೂರೂ ಬೇರೆಬೇರೆ ಪುಟಗಳಲ್ಲಿ ಅಚ್ಚಾದವು. ಮರುವರ್ಷದ ಫೆಬ್ರುವರಿಯಲ್ಲಿ ಮೊಹಮ್ಮದ್ ಶಮಿ ಹಿಮ್ಮಡಿಯ ಅಕಿಲಿಸ್ ಹುರಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ನಿಜವಾಗಿಯೂ ಹಿಮ್ಮಡಿ ಎಂದು ಬರೆಯಬೇಕಿತ್ತು. ನಾವು ಕಣಕಾಲು ಎಂದು ಬರೆದೆವು. ಮಡ ಎಂದರೇ ಹಿಮ್ಮಡಿ, ತೆಲುಗಿನ ಮಡಮದಂತೆ, ಅದು ಹಿಂದಿನ ಭಾಗ. ಹರಡು ಪಕ್ಕದ ಉಬ್ಬು. ಇಷ್ಟು ಗೊತ್ತಿದ್ದವರು ಆ ರಾತ್ರಿ ಯಾರೂ ಇರಲಿಲ್ಲ. ನನ್ನ ಸಲಹೆ: ಆಂಕಲ್, ಆಪರೇಷನ್ ಎರಡನ್ನೂ ಕನ್ನಡ ಅಕ್ಷರದಲ್ಲಿ ಬರೆದು ಮುಗಿಸಿ. ಬಸ್ಸು, ಕಾರು, ಆಸ್ಪತ್ರೆ ಎಲ್ಲವೂ ಹೊರಗಿನಿಂದಲೇ ಬಂದವು.

ಮೈಸೂರಿನಿಂದ

ಬಸ್ಸು, ಕಾರುಗಳ ಹೆಸರು ವಸ್ತುವಿನ ಜೊತೆಯಲ್ಲಿ ಬಂತು. ಕಾಲು ಯಾವ ಹಡಗಿನಲ್ಲಿ ಬಂತು?

ದಾವಣಗೆರೆಯಿಂದ

ಇದೇ ಮಾತನ್ನು ಪಾದದ ಬಗ್ಗೆ ನಾನು ಹೇಳಿದಾಗ ನಗಾಡಿದಿರಿ.

ಬೆಂಗಳೂರಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಅದೇ ಬೆಂಚಿನ ಮೇಲಿದ್ದ ಬೇರೆ ಆರು ಮಂದಿಗೆ ಮೂರು ಚೀಟಿಗಳನ್ನು ತೋರಿಸಿದೆ. ಗುಲ್ಫವನ್ನು ಇಬ್ಬರು ‘ಗಲ್ಫ್’ ಎಂದು ಓದಿ, ವಿದೇಶಕ್ಕೆ ಹೋಗುವವರ ಆರೋಗ್ಯ ತಪಾಸಣೆ ಇಲ್ಲಿಯೇ ಮಾಡುತ್ತಾರೆಯೇ ಎಂದು ಕೇಳಿದ್ದರಿಂದ ಆ ಪದವನ್ನು ಬಿಟ್ಟಿದ್ದೇನೆ, ಶಿರಸಿಯವರು ಕ್ಷಮಿಸಬೇಕು. ‘ಹರಡು’ ಎಂಬುದನ್ನಷ್ಟೇ ಬರೆದ ಚೀಟಿಗೆ ಯಾರೂ ಕಾಲು ಮುಟ್ಟಲಿಲ್ಲ. ‘ಪಾದ ಮತ್ತು ಕಾಲಿನ ಹರಡು’ ಎಂದು ಬರೆದಾಗ ಮೂವರು ಸರಿಯಾದ ಜಾಗವನ್ನೇ ತೋರಿಸಿದರು, ಅವರಲ್ಲಿ ಇಬ್ಬರಿಗೆ ಆ ಪದ ಮೊದಲು ಗೊತ್ತಿರಲಿಲ್ಲ, ‘ಪಾದ’ದ ಪಕ್ಕದಲ್ಲಿ ಇದ್ದುದರಿಂದ ಊಹಿಸಿದೆವು ಎಂದರು.

ಫಲಕ ಹೀಗೆ ಹೋಗುತ್ತಿದೆ: ‘ಪಾದ ಮತ್ತು ಕಾಲಿನ ಹರಡಿನ ಶಸ್ತ್ರಚಿಕಿತ್ಸಾ ವಿಭಾಗ’. ಪಕ್ಕದಲ್ಲಿ ಪಾದದ ಚಿತ್ರವೊಂದನ್ನು ಹಾಕಿ, ಹರಡಿನ ಮೇಲೆ ಕೆಂಪು ವೃತ್ತ ಬಿಡಿಸಲು ಹೇಳಿದ್ದೇನೆ. ಒಪ್ಪಿಗೆ ಪತ್ರದಲ್ಲಿ ಹುಬ್ಬಳ್ಳಿಯ ವೈದ್ಯರ ಎರಡೂ ವಾಕ್ಯಗಳು ಹಾಗೆಯೇ ಬಂದಿವೆ, ಕುಕ್ಕರುಗಾಲಿನ ವಿಷಯವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ‘ಕೀಲು ಬದಲಿ’ ಮಾಡುವಲ್ಲಿ ಕೃತಕ ಎಂಬ ಪದ ಬೇಕೇ ಬೇಡವೇ ಎಂಬುದೊಂದು ಉಳಿದಿದೆ, ಅದನ್ನು ಬೇರೆ ಪತ್ರದಲ್ಲಿ ಕೇಳುತ್ತೇನೆ.

ಶಿರಸಿಯಿಂದ

‘ಕಾಲಿನ ಹರಡಿನ’ ಎಂದು ಷಷ್ಠಿಯ ಮೇಲೆ ಷಷ್ಠಿ. ‘ಕಾಲ ಹರಡಿನ’ ಎಂದು ಮಾಡಿ, ಒಂದು ಅಕ್ಷರದ ಜಾಗವಾದರೂ ಉಳಿಯುತ್ತದೆ.