ಲೈಸೆನ್ಸ್ ಅವಧಿ ಮುಗಿದಿತ್ತು ಎಂಬ ಒಂದೇ ಆಕ್ಷೇಪಣೆಯನ್ನು ನೆಚ್ಚಿಕೊಂಡು ವಿಮಾ ಕಂಪನಿಯ ಪರ ವಾದಿಸಬಹುದೇ?

ಪ್ರಶ್ನೆ: ಮಂಗಳೂರಿನ ಕಿರಿಯ ವಕೀಲೆ

ಮಾನ್ಯರೇ, ನಾನು ಮಂಗಳೂರಿನ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಎರಡೂವರೆ ವರ್ಷಗಳಿಂದ ಕಿರಿಯ ವಕೀಲೆಯಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಚೇರಿ ವಿಮಾ ಕಂಪನಿಯೊಂದರ ಪ್ಯಾನೆಲಿನಲ್ಲಿ, ಅಂದರೆ ಅದರ ಪರ ವಾದಿಸುವ ವಕೀಲರ ಪಟ್ಟಿಯಲ್ಲಿ, ಇರುವುದರಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕಡತಗಳೇ ನನ್ನ ಮೇಜಿಗೆ ಹೆಚ್ಚು ಬರುತ್ತವೆ. ಅಂಥ ಒಂದು ಕಡತದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಕೇಳಬೇಕಾಗಿದೆ. ಕಕ್ಷಿದಾರರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

2021ರ ಆಗಸ್ಟ್ ತಿಂಗಳಲ್ಲಿ ಸುರತ್ಕಲ್ ಸಮೀಪ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗೂಡ್ಸ್ ಆಟೋ ಒಂದು ಡಿವೈಡರಿನ ತೆರವಿನಲ್ಲಿ ತಿರುಗುವಾಗ ಸ್ಕೂಟರಿಗೆ ಡಿಕ್ಕಿಯಾಗಿ, ಸವಾರನ ಬಲಗಾಲಿನ ಮೂಳೆ ಮುರಿದು, ಪ್ಲೇಟು ಮತ್ತು ಸ್ಕ್ರೂ ಹಾಕಲಾಗಿದೆ. ಆತನಿಗೆ ಆಗ 34 ವರ್ಷ. ಮಲ್ಪೆಯ ಯಾಂತ್ರೀಕೃತ ದೋಣಿಯಲ್ಲಿ ಕೆಲಸ ಮಾಡುತ್ತಿದ್ದು, ತಿಂಗಳಿಗೆ 30,000 ರೂಪಾಯಿ ಆದಾಯವಿತ್ತೆಂದು ಉಡುಪಿಯಲ್ಲಿ ಸಲ್ಲಿಸಿದ ಅರ್ಜಿಯಲ್ಲಿ ಹೇಳಿದ್ದಾನೆ. ಆ ಕಾಲಿಗೆ ಶೇಕಡಾ 35ರಷ್ಟು ಶಾಶ್ವತ ಅಂಗವೈಕಲ್ಯ ಉಂಟಾಗಿದೆಯೆಂದು ವೈದ್ಯರು ಪ್ರಮಾಣಪತ್ರ ಕೊಟ್ಟಿದ್ದಾರೆ. ಆಟೋದ ಪಾಲಿಸಿ ಜಾರಿಯಲ್ಲಿತ್ತು. ಆದರೆ ಚಾಲಕನಲ್ಲಿ ಇದ್ದದ್ದು ಲಘು ಮೋಟಾರು ವಾಹನದ ಲೈಸೆನ್ಸ್ ಮಾತ್ರ. ಅದರಲ್ಲಿ ಸಾರಿಗೆ ವಾಹನದ (ಬಾಡಿಗೆ ಅಥವಾ ಸರಕು ಸಾಗಿಸುವ ವಾಹನದ) ನಮೂದು ಇಲ್ಲ. ಅದೂ 2021ರ ಮಾರ್ಚಿನಲ್ಲಿ ಅವಧಿ ಮುಗಿದು ಡಿಸೆಂಬರಿನಲ್ಲಿ ನವೀಕರಣಗೊಂಡಿದೆ. ಮಾಲೀಕರು ನೋಟಿಸು ಪಡೆದ ಮೇಲೂ ಹಾಜರಾಗಿಲ್ಲ.

ಲೈಸೆನ್ಸಿನ ವಿಷಯವನ್ನೇ ಬಲವಾಗಿ ಹಿಡಿಯಬೇಕೆಂದು ಕಂಪನಿಯ ಅಧಿಕಾರಿ ಹೇಳುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಮೊದಲ ವರ್ಷದಲ್ಲಿ ನಾನು ಹಳೆಯ ಮಾದರಿಯನ್ನು ನಕಲು ಮಾಡಿ, ಅಪಘಾತವೇ ನಡೆದಿಲ್ಲ, ವಾಹನಕ್ಕೆ ವಿಮೆಯೇ ಇರಲಿಲ್ಲ ಎಂದು ಎಲ್ಲವನ್ನೂ ಅಲ್ಲಗಳೆದು ಆಕ್ಷೇಪಣೆ ಸಲ್ಲಿಸಿದ್ದೆ. ಸಾಕ್ಷ್ಯದ ಹಂತದಲ್ಲಿ ನಮ್ಮ ಕಡೆಯಿಂದಲೇ ಪಾಲಿಸಿಯನ್ನು ಗುರುತಿಸಲು ಕೊಟ್ಟಾಗ, ಈ ಎರಡರಲ್ಲಿ ನಿಮ್ಮ ನಿಲುವು ಯಾವುದು ಎಂದು ನ್ಯಾಯಾಧೀಶರು ಶಾಂತವಾಗಿ ಕೇಳಿದರು. ನಾನು ಉತ್ತರವಿಲ್ಲದೆ ನಿಂತಿದ್ದೆ. ಅಂದಿನಿಂದ ಯಾವ ಆಕ್ಷೇಪಣೆ ನಿಜವಾದದ್ದು, ಯಾವುದು ಬರೇ ರೂಢಿಯದ್ದು ಎಂದು ಬೇರ್ಪಡಿಸುವುದನ್ನು ಕಲಿಯಬೇಕೆಂಬ ಹಟ ಹುಟ್ಟಿದೆ. ಈ ಕಡತದಲ್ಲಿ ನಾನು ಯಾವುದರ ಮೇಲೆ ನಿಲ್ಲಬೇಕು?

ಉತ್ತರ 1: ವಿಮಾ ಕಂಪನಿಗಳ ಪರ ವಾದಿಸುವ ಹಿರಿಯ ವಕೀಲರು, ಮಂಗಳೂರು

ಅಮ್ಮಾ, ನಿಮ್ಮ ಅಳುಕು ಸರಿಯಾಗಿಯೇ ಇದೆ. ಲೈಸೆನ್ಸಿನ ಆಕ್ಷೇಪಣೆಯಲ್ಲಿ ಎರಡು ಎಳೆಗಳಿವೆ. ಎರಡನ್ನೂ ಬೇರೆಬೇರೆಯಾಗಿ ನೋಡಿ.

ಸಾರಿಗೆ ವಾಹನದ ನಮೂದು ಇಲ್ಲವೆಂಬ ಮೊದಲನೆಯ ಎಳೆಯನ್ನು ಇಂದೇ ಕೈಬಿಡಿ. ಮುಕುಂದ ದೇವಾಂಗನ್ ಪ್ರಕರಣದಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದನ್ನು ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ರಂಭಾ ದೇವಿ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು ಓಡಿಸಬಹುದು. ಗೂಡ್ಸ್ ಆಟೋದ ತೂಕ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ಅವಧಿ ಮುಗಿದಿತ್ತು ಎಂಬ ಎರಡನೆಯ ಎಳೆ ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುತ್ತದೆ. ಆದರೆ ದಿನಾಂಕಗಳನ್ನು ಇನ್ನೊಮ್ಮೆ ಓದಿ: ಅವಧಿ ಮುಗಿದದ್ದು 2021ರ ಮಾರ್ಚಿನಲ್ಲಿ, ಅಪಘಾತ ಆಗಸ್ಟಿನಲ್ಲಿ. ಕೋವಿಡ್ ಕಾಲದಲ್ಲಿ ಆರ್‌ಟಿಓ ಕಚೇರಿಗಳ ಕೆಲಸ ನಿಂತುಹೋಗಿದ್ದರಿಂದ, 2020ರ ಫೆಬ್ರುವರಿ 1ರ ನಂತರ ಅವಧಿ ಮುಗಿದ ಲೈಸೆನ್ಸ್, ಪರ್ಮಿಟ್, ಎಫ್‌ಸಿ (ವಾಹನದ ಅರ್ಹತಾ ಪತ್ರ) ಮೊದಲಾದ ದಾಖಲೆಗಳನ್ನು ಸಿಂಧುವೆಂದೇ ಪರಿಗಣಿಸಬೇಕೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮತ್ತೆ ಮತ್ತೆ ಸೂಚನೆ ಹೊರಡಿಸಿ, ಕೊನೆಗೆ ಆ ಗಡುವನ್ನು 2021ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತ್ತು. ನಿಮ್ಮ ಚಾಲಕ ಅದರೊಳಗೆ ಬರುತ್ತಾನೆ. ಈ ಸೂಚನೆಯನ್ನು ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ನಿಮ್ಮ ಅಧಿಕಾರಿಯ ಮುಂದೆ ಹಿಡಿದರೆ ಕಂಪನಿಯ ಉಳಿದ ವಾದವೂ ಬೆಲೆ ಕಳೆದುಕೊಳ್ಳುತ್ತದೆ. ಅದಕ್ಕಿಂತ ನೀವೇ ಮೊದಲು ಹುಡುಕಿ ತೆಗೆದು ಕಂಪನಿಗೆ ಕಳುಹಿಸುವುದು ಮೇಲು.

ಸೂಚನೆ ಇರಲಿಲ್ಲವೆಂದೇ ಇಟ್ಟುಕೊಳ್ಳಿ. ಆಗಲೂ ಕಂಪನಿಗೆ ಸಿಗುತ್ತಿದ್ದುದು ಎಷ್ಟು? ಷರತ್ತಿನ ಉಲ್ಲಂಘನೆ ಮಾಲೀಕನ ಉದ್ದೇಶ ಅಥವಾ ಅಲಕ್ಷ್ಯದಿಂದ ಆಯಿತೆಂದು ಸಾಬೀತುಪಡಿಸುವ ಹೊಣೆ ಕಂಪನಿಯದೇ ಎಂದು ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲೇ ಸ್ಪಷ್ಟವಾಗಿದೆ. ನಮ್ಮ ಹೈಕೋರ್ಟಿನ ಪೂರ್ಣ ಪೀಠ 2020ರಲ್ಲಿ ಯಲ್ಲವ್ವ ಪ್ರಕರಣದಲ್ಲಿ, ಇಂಥ ಉಲ್ಲಂಘನೆ ಸಾಬೀತಾದರೂ ಕಂಪನಿ ಮೊದಲು ಮೂರನೇ ವ್ಯಕ್ತಿಗೆ, ಅಂದರೆ ಗಾಯಾಳುವಿನಂಥವರಿಗೆ, ಹಣ ಕೊಟ್ಟು ಬಳಿಕ ಮಾಲೀಕರಿಂದ ವಸೂಲು ಮಾಡಿಕೊಳ್ಳಬೇಕು ಎಂದಿದೆ. ಒಂದೇ ಆಟೋ ಇಟ್ಟುಕೊಂಡು ಬದುಕುವವನಿಂದ ಲಕ್ಷಗಟ್ಟಲೆ ವಸೂಲು ಮಾಡುವುದು ಹೇಗೆಂದು ನಿಮ್ಮ ಅಧಿಕಾರಿಯವರನ್ನೇ ಕೇಳಿ. ಇನ್ನೊಂದು ಮಾತು: ಮೋಟಾರು ವಾಹನ ಕಾಯಿದೆಯ ಹನ್ನೊಂದನೇ ಅಧ್ಯಾಯ 2022ರ ಏಪ್ರಿಲ್ 1ರಿಂದ ಬದಲಾಗಿದೆ. ಅದರ ಹಿಂದಿನ ಅಪಘಾತಕ್ಕೆ ವಿಮಾ ಕಂಪನಿಯ ಹೊಣೆಯನ್ನು ಹೇಳುವ ಹಳೆಯ ಕಲಂ 149ನ್ನೇ ಉಲ್ಲೇಖಿಸಿ. ಹೊಸ ಕಲಂ 150ನ್ನು ಹಳೆಯ ಕಡತಕ್ಕೆ ಅಂಟಿಸುವ ತಪ್ಪನ್ನು ಕಿರಿಯರಲ್ಲಿ ಆಗಾಗ ಕಾಣುತ್ತೇನೆ.

ನಿಮ್ಮ ನಿಜವಾದ ಕೆಲಸ ಇರುವುದು ಮೊತ್ತದಲ್ಲಿ. ತಿಂಗಳಿಗೆ 30,000 ಎಂದರೆ ವರ್ಷದ ಎಷ್ಟು ತಿಂಗಳು? ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಆತ ಏನು ಮಾಡುತ್ತಿದ್ದ, ಸಂಬಳವೋ ಮೀನಿನ ಪಾಲೋ, ಪಾಲಾದರೆ ಲೆಕ್ಕ ಬರೆದಿಟ್ಟವರು ಯಾರು, ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಏನಿದೆ ಎಂದು ವಿನಯದಿಂದಲೇ ಕೇಳಿ. ವೈದ್ಯರನ್ನು ಕೇಳಬೇಕಾದದ್ದು ಶೇಕಡಾ 35 ಎಂಬುದು ಕಾಲಿಗೋ ಇಡೀ ದೇಹಕ್ಕೋ ಎಂದು. 34 ವರ್ಷಕ್ಕೆ ಗುಣಕ, ಅಂದರೆ ವಯಸ್ಸಿಗೆ ತಕ್ಕಂತೆ ವಾರ್ಷಿಕ ನಷ್ಟವನ್ನು ಗುಣಿಸುವ ಸಂಖ್ಯೆ, 16. ಅರ್ಜಿಯಲ್ಲಿರುವಂತೆ 30,000 ಮತ್ತು ಶೇಕಡಾ 35 ಹಿಡಿದರೆ ಮುಂದಿನ ಗಳಿಕೆಯ ನಷ್ಟವೊಂದೇ 20,16,000 ರೂಪಾಯಿ ಆಗುತ್ತದೆ. ಆದಾಯ 15,000 ಎಂದೂ, ಕಾಲಿನ ವೈಕಲ್ಯದ ಮೂರನೇ ಒಂದು ಭಾಗದಷ್ಟು, ಅಂದರೆ ಸುಮಾರು ಶೇಕಡಾ 12, ಇಡೀ ದೇಹದ್ದು ಎಂದೂ ನ್ಯಾಯಮಂಡಳಿ ಒಪ್ಪಿದರೆ ಅದೇ ಲೆಕ್ಕ 3,45,600ಕ್ಕೆ ಇಳಿಯುತ್ತದೆ. ಲೈಸೆನ್ಸಿನ ಹಿಂದೆ ಓಡುವ ಸಮಯವನ್ನು ಇಲ್ಲಿ ಹಾಕಿ.

ಕಡತ ಓದುವ ಕ್ರಮದ ಬಗ್ಗೆಯೂ ಒಂದು ಮಾತು. ನಾನು ಅರ್ಜಿಯನ್ನು ಕೊನೆಗೆ ಓದುತ್ತೇನೆ. ಮೊದಲು ಆಸ್ಪತ್ರೆಯ ಕೇಸ್ ಶೀಟಿನ ಮೊದಲ ಪುಟ, ಆಮೇಲೆ ಸ್ಥಳ ಮಹಜರಿನ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಪಾಲಿಸಿಯ ಎಲ್ಲ ಪುಟಗಳು. ಕೇಸ್ ಶೀಟಿನಲ್ಲಿ ‘ಸ್ವತಃ ಬಿದ್ದದ್ದು’ ಎಂಬ ಬರಹ ಕಂಡ ಕೂಡಲೇ ಇದು ಸುಳ್ಳು ಕೇಸು ಎಂದು ಹಾರಬೇಡಿ. ಹಿಂದೆ ಒಬ್ಬ ಗಾಯಾಳು ತುರ್ತು ವಿಭಾಗದಲ್ಲಿ ನೋವಿನಲ್ಲಿ ‘ಬೂರಿಯೆ’ (ಬಿದ್ದೆ) ಎಂದಷ್ಟೇ ಹೇಳಿದ್ದ. ತುಳುವಿನಲ್ಲಿ ಡಿಕ್ಕಿಯಾಗಿ ಬಿದ್ದವನೂ ಬೂರಿಯೆ ಎನ್ನುತ್ತಾನೆ, ಕಾಲು ಜಾರಿ ಬಿದ್ದವನೂ ಹಾಗೆಯೇ ಎನ್ನುತ್ತಾನೆ. ತುಳು ಬಾರದ ಕರ್ತವ್ಯನಿರತ ವೈದ್ಯರು ಅದನ್ನು ಸ್ವತಃ ಬಿದ್ದದ್ದೆಂದು ಬರೆದುಕೊಂಡರು. ನಾನು ಆ ಒಂದು ಸಾಲಿನ ಮೇಲೆ ಇಡೀ ವಾದ ಕಟ್ಟಿದೆ. ಅದೇ ದಿನದ ಮಹಜರಿನಲ್ಲಿ ಎರಡೂ ವಾಹನಗಳ ಬಣ್ಣ ಒಂದಕ್ಕೊಂದು ಹತ್ತಿದ್ದು ದಾಖಲಾಗಿತ್ತು. ನಾನು ಅದನ್ನು ಓದಿರಲಿಲ್ಲ.

ಉತ್ತರ 2: ವಿಮಾ ಕಂಪನಿಯ ಕ್ಲೇಮು ವಿಭಾಗದ ನಿವೃತ್ತ ಉದ್ಯೋಗಿ, ಉಡುಪಿ

ನಾನು ವಕೀಲನಲ್ಲ, ಆದರೆ ವಕೀಲರ ಅಭಿಪ್ರಾಯ ಪತ್ರಗಳನ್ನು ಓದುತ್ತಲೇ ಸೇವೆ ಮುಗಿಸಿದವನು. ಅಧಿಕಾರಿ ಲೈಸೆನ್ಸನ್ನೇ ಹಿಡಿಯಿರಿ ಎನ್ನುವುದರ ಹಿಂದೆ ಹಟಕ್ಕಿಂತ ಹೆಚ್ಚಾಗಿ ಆಡಿಟ್ ಭಯ ಇರುತ್ತದೆ. ಒಂದು ಆಕ್ಷೇಪಣೆಯನ್ನು ಏಕೆ ಬಿಟ್ಟಿರಿ ಎಂದು ಮುಂದೊಂದು ದಿನ ಯಾರಾದರೂ ಕೇಳಿದರೆ ತೋರಿಸಲು ಆತನ ಕೈಯಲ್ಲಿ ಕಾಗದ ಬೇಕು. ಆ ಕಾಗದವನ್ನು ನೀವು ಕೊಡಿ. ಹಿರಿಯರ ಒಪ್ಪಿಗೆ ಪಡೆದು ಎರಡೇ ಪುಟಗಳ ಅಭಿಪ್ರಾಯ ಬರೆಯಿರಿ: ಲೈಸೆನ್ಸಿನ ಆಕ್ಷೇಪಣೆ ಏಕೆ ನಿಲ್ಲುವುದಿಲ್ಲ, ಸಚಿವಾಲಯದ ಸೂಚನೆಯ ಪ್ರತಿ, ಅವಾರ್ಡು (ನ್ಯಾಯಮಂಡಳಿ ಆದೇಶಿಸುವ ಪರಿಹಾರ) ಎಷ್ಟರಿಂದ ಎಷ್ಟರೊಳಗೆ ಆಗಬಹುದು, ಎಷ್ಟಕ್ಕೆ ರಾಜಿಯಾದರೆ ಕಂಪನಿಗೆ ಲಾಭ. ಮೊತ್ತವನ್ನು ಹೇಳಲು ಹಿಂಜರಿಯುವ ವಕೀಲರ ಪತ್ರದಿಂದ ನಮಗೆ ಏನೂ ಪ್ರಯೋಜನವಾಗುತ್ತಿರಲಿಲ್ಲ. ರಾಜಿಗೆ ಮಂಜೂರಾತಿ ಕೇಳಲು ಮೇಲಿನ ಕಚೇರಿಗೆ ಒಂದು ಅಂಕಿ ಬೇಕೇ ಬೇಕು.

ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿ ಏರುತ್ತಿರುತ್ತದೆ ಎಂಬುದನ್ನೂ ಆ ಪತ್ರದಲ್ಲಿ ಸೇರಿಸಿ. ಮಾಲೀಕರು ಹಾಜರಾಗದ ಕಡತದಲ್ಲಿ ಮೊತ್ತದ ಬಗ್ಗೆ ವಾದಿಸಲು ಕಂಪನಿಗೆ ಅವಕಾಶವಿದೆಯೇ ಎಂದು ಕೆಲವು ಕಿರಿಯರು ಕೇಳುವುದುಂಟು. ಅರ್ಜಿದಾರರೇ ಕಂಪನಿಯನ್ನು ಎದುರುದಾರರನ್ನಾಗಿ ಮಾಡಿದ್ದರೆ ಎಲ್ಲ ವಿಷಯಗಳ ಮೇಲೂ ವಾದಿಸಬಹುದೆಂದು ಶೀಲಾ ದತ್ತಾ ಪ್ರಕರಣದಲ್ಲಿ 2011ರಲ್ಲಿ ತೀರ್ಮಾನವಾಗಿದೆ. ಆ ತೀರ್ಪಿನ ಪ್ರತಿಯನ್ನು ನಮ್ಮ ವಿಭಾಗದಲ್ಲಿ ಎಲ್ಲ ಪ್ಯಾನೆಲ್ ವಕೀಲರಿಗೂ ಕಳುಹಿಸಿದ್ದೆವು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಚಿವಾಲಯದ ಸೂಚನೆಗಳನ್ನು ತೆಗೆದು ಮುದ್ರಿಸಿ ನಮ್ಮ ಹಿರಿಯರ ಮುಂದೆ ಇಟ್ಟೆ. ಅವರು ದಿನಾಂಕಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಭಿಪ್ರಾಯ ಪತ್ರವನ್ನು ನೀನೇ ಬರೆ, ನಾನು ಸಹಿ ಹಾಕುತ್ತೇನೆ ಎಂದರು. ಈಗ ಉಳಿದಿರುವ ಸಂದೇಹ ಶೇಕಡಾ 12ರ ಬಗ್ಗೆ. ಮೂರನೇ ಒಂದು ಭಾಗ ಎಂಬ ಲೆಕ್ಕವನ್ನು ಎಲ್ಲ ಕಡತಗಳಿಗೂ ಒಂದೇ ರೀತಿ ಅನ್ವಯಿಸಬಹುದೇ?

ಉತ್ತರ 3: ಅರ್ಜಿದಾರರ ಪರ ವಾದಿಸುವ ವಕೀಲೆ, ಉಡುಪಿ

ಅನ್ವಯಿಸಬಾರದು. ಉತ್ತರ 1ರಲ್ಲಿ ಹಿರಿಯರು ಹೇಳಿದ್ದನ್ನು ಗೌರವದಿಂದಲೇ ತಿದ್ದಬಯಸುತ್ತೇನೆ. ವೈದ್ಯರು ಹೇಳುವ ಶೇಕಡಾವಾರು ಮತ್ತು ಗಳಿಸುವ ಸಾಮರ್ಥ್ಯದ ನಷ್ಟ ಎರಡೂ ಒಂದೇ ಅಲ್ಲವೆಂದು ರಾಜ್ ಕುಮಾರ್ ಪ್ರಕರಣದಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದು ಎರಡೂ ದಿಕ್ಕಿಗೆ ಅನ್ವಯಿಸುತ್ತದೆ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರ ಗಳಿಕೆಯ ನಷ್ಟ ಆ ಶೇಕಡಾವಾರಿಗಿಂತ ಕಡಿಮೆಯಿರಬಹುದು, ದೋಣಿಯವರದು ಅದಕ್ಕಿಂತ ಹೆಚ್ಚಿರಬಹುದು. ಈತ ಏನು ಕೆಲಸ ಮಾಡುತ್ತಿದ್ದ, ಅದರಲ್ಲಿ ಯಾವುದನ್ನು ಈಗ ಮಾಡಲಾರ, ಬೇರೆ ಯಾವ ಕೆಲಸದಿಂದ ಬದುಕಬಲ್ಲ ಎಂಬ ಕ್ರಮದಲ್ಲಿ ನೋಡಬೇಕು.

ಒಮ್ಮೆ ಮಲ್ಪೆ ಬಂದರಿಗೆ ಬೆಳಗಿನ ಹೊತ್ತು ಹೋಗಿ ನೋಡಿ ಬನ್ನಿ. ದೋಣಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ; ಮೀನಿನ ಬುಟ್ಟಿ ಹಿಡಿದವರು ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ ಕಾಲಿಡುತ್ತಾ ದಡಕ್ಕೆ ಬರುತ್ತಾರೆ. ಕಾಲಡಿಯ ಹಲಗೆ ಒದ್ದೆ, ಮೇಲಾಗಿ ಅಲುಗಾಡುತ್ತಿರುತ್ತದೆ. ಮೊಣಕಾಲು ಪೂರ್ತಿ ಮಡಚಲಾಗದವನು ಅಲ್ಲಿ ನಿಲ್ಲುವುದೇ ಕಷ್ಟ, ಬಲೆ ಎಳೆಯುವುದು ಆಮೇಲಿನ ಮಾತು. ನಾನು ಈ ಅರ್ಜಿದಾರನ ವಕೀಲೆಯಾಗಿದ್ದರೆ ಶೇಕಡಾ 20ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ.

ಶಾಶ್ವತ ಅಂಗವೈಕಲ್ಯದ ಪ್ರಕರಣಗಳಲ್ಲೂ ಭವಿಷ್ಯದ ಆದಾಯ ಹೆಚ್ಚಳವನ್ನು ಸೇರಿಸಬೇಕೆಂದು 2020ರಲ್ಲಿ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ತೀರ್ಪಾಗಿದೆ ಎಂಬುದು ಉತ್ತರ 1ರ ಲೆಕ್ಕದಲ್ಲಿ ಬಿಟ್ಟುಹೋಗಿದೆ. ಪ್ರಣಯ್ ಸೇಥಿ ಪ್ರಕರಣದ ಪ್ರಕಾರ ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಅದು ಶೇಕಡಾ 40. ಹಾಗಾಗಿ ಆದಾಯ 15,000 ಎಂದೇ ಹಿಡಿದರೂ ಶೇಕಡಾ 12ಕ್ಕೆ 4,83,840 ರೂಪಾಯಿ ಆಗುತ್ತದೆ, ಶೇಕಡಾ 20ಕ್ಕೆ 8,06,400. ಇದರ ಮೇಲೆ ಚಿಕಿತ್ಸೆಯ ಬಿಲ್ಲುಗಳು, ನೋವು ಮತ್ತು ಯಾತನೆ, ಮಲಗಿದ್ದ ತಿಂಗಳುಗಳ ಆದಾಯ, ಮುಂದೆ ಪ್ಲೇಟು ತೆಗೆಸುವ ಶಸ್ತ್ರಚಿಕಿತ್ಸೆಯ ಖರ್ಚು ಬೇರೆ. ಕಂಪನಿಗೆ ಬರೆಯುವ ಪತ್ರದಲ್ಲಿ ಈ ಎರಡು ಅಂಕಿಗಳನ್ನೂ ಕೊಡಿ. 3,45,600 ಎಂದು ಬರೆದು ಆಸೆ ಹುಟ್ಟಿಸಿದರೆ ಅವಾರ್ಡು ಬಂದ ದಿನ ನೀವೇ ಉತ್ತರ ಹೇಳಬೇಕಾಗುತ್ತದೆ.

ಲೋಕ ಅದಾಲತ್‌ಗೆ ಮುನ್ನ ಅರ್ಜಿದಾರನ ವಕೀಲರಿಗೆ ಒಂದು ಫೋನು ಮಾಡಿ, ಆತ ಈಗ ಏನು ಕೆಲಸ ಮಾಡುತ್ತಿದ್ದಾನೆಂದು ವಿಚಾರಿಸಿ. ಬಂದರಿನಲ್ಲೇ ಬಲೆ ಹೊಲಿಯುತ್ತಲೋ ಮಂಜುಗಡ್ಡೆಯ ಲೆಕ್ಕ ಬರೆಯುತ್ತಲೋ ಇದ್ದರೆ ಆ ದುಡಿಮೆಗೆ ಸಿಗುವ ಹಣ ಇಬ್ಬರ ಲೆಕ್ಕಕ್ಕೂ ಬೇಕಾಗುತ್ತದೆ.