‘ಬ್ಯೂಟಿ ಅಂಡ್ ದ ಬೀಟ್’ ಫೋನಿನಲ್ಲಿ ಯಾಕೆ ಇಷ್ಟು ಜೋರಾಗಿ ಓಡುತ್ತೆ? ನಮ್ಮ ಮನೆ ಪ್ಲೇಟು ಹೀಗಿರಲಿಲ್ಲ

ಸರಸ್ವತಿಪುರಂ_ತಂಗಿ:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಈ ಪ್ರಶ್ನೆ ತಲೆ ತಿನ್ನುತ್ತಿದೆ. ಹಳೇ ಇಂಗ್ಲಿಷ್ ಪಾಪ್ ಬಲ್ಲವರು, ರೆಕಾರ್ಡ್ ಪ್ಲೇಯರ್ ಬಲ್ಲವರು ಯಾರಾದರೂ ಹೇಳಿ.

1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿದ್ದ ನಮ್ಮ ಚಿಕ್ಕಪ್ಪ ರಜಕ್ಕೆ ಮೈಸೂರಿಗೆ ಬಂದವರು, ತಮ್ಮ ರೆಕಾರ್ಡ್ ಪ್ಲೇಯರನ್ನೂ ನಾಲ್ಕು ಎಲ್ಪಿಗಳನ್ನೂ ನಮಗೇ ಬಿಟ್ಟುಹೋದರು. ನಾನು ಮೂರನೇ ಕ್ಲಾಸು, ಅಕ್ಕ ಎಂಟನೇ ಕ್ಲಾಸು. ನಾಲ್ಕರಲ್ಲಿ ನಾವು ಸವೆಯುವಷ್ಟು ಹಾಕಿದ್ದು ಒಂದೇ. ದ ಗೋ-ಗೋಸ್ ಅನ್ನೋ ಐದು ಹುಡುಗಿಯರ ಬ್ಯಾಂಡಿನ ‘ಬ್ಯೂಟಿ ಅಂಡ್ ದ ಬೀಟ್’, 1981ರದ್ದು.

ಕವರ್ ಮೇಲೆ ಐದೂ ಜನ ಟವೆಲ್ ಸುತ್ತಿಕೊಂಡು, ಮುಖಕ್ಕೆ ಬಿಳೀ ಕ್ರೀಮ್ ಬಳಿದುಕೊಂಡು ಕೂತಿದ್ದರು. ಅಜ್ಜಿ ನೋಡಿ, “ಇದೇನೇ, ಎಣ್ಣೆ ಸ್ನಾನಕ್ಕೆ ಕೂತವರನ್ನ ಫೋಟೋ ಹಿಡಿದಿದಾರೆ?” ಅಂದರು. ಅಕ್ಕ ಆವತ್ತೇ ಅದಕ್ಕೆ ಬ್ರೌನ್ ಪೇಪರ್ ಬೈಂಡ್ ಹಾಕಿದಳು. ಶಾಲೆ ಪುಸ್ತಕದ ಲೇಬಲ್ ಅಂಟಿಸಿ, ಸಬ್ಜೆಕ್ಟ್ ಅನ್ನೋ ಕಡೆ ‘ಹಾಡು’ ಅಂತ ಬರೆದಳು.

ಮನೆ ಬದಲಾಯಿಸುವಾಗ ಆ ಪ್ಲೇಟು ಎಲ್ಲೋ ಹೋಯ್ತು. ಆಮೇಲೆ ಮೂವತ್ತು ವರ್ಷ ಕೇಳಿರಲೇ ಇಲ್ಲ. ಹೋದ ಶನಿವಾರ ಫೋನಿನಲ್ಲಿ ಹುಡುಕಿ ಹಾಕಿದೆ. ಮೊದಲ ಹಾಡು ‘ಅವರ್ ಲಿಪ್ಸ್ ಆರ್ ಸೀಲ್ಡ್’ ಶುರುವಾದ ತಕ್ಷಣ ಎದ್ದು ಕೂತೆ. ಗಿಟಾರ್ ಓಡುತ್ತಿದೆ. ಬೆಲಿಂಡಾ ಕಾರ್ಲೈಲ್ ದನಿ ತೆಳ್ಳಗೆ, ಮೇಲೆಲ್ಲೋ ಇದೆ. ನನಗೆ ಗೊತ್ತಿದ್ದ ದನಿ ಅದಲ್ಲ. ಅದು ದಪ್ಪ ದನಿ, ಸ್ವಲ್ಪ ಬೇಜಾರಿನ ದನಿ. ರಾತ್ರಿ ದೀಪ ಆರಿಸಿದ ಮೇಲೆ ದೊಡ್ಡಮ್ಮ ಅಮ್ಮನ ಹತ್ತಿರ ಮಾತಾಡುತ್ತಿದ್ದರಲ್ಲ, ಹಾಗೆ. ‘ವಿ ಗಾಟ್ ದ ಬೀಟ್’ ಶುರುವಿನ ಡ್ರಮ್ಸನ್ನು ನಾನು ಊಟದ ಮೇಜಿನ ಮೇಲೆ ಎರಡು ಸೌಟಿನಲ್ಲಿ ಬಾರಿಸುತ್ತಿದ್ದೆ. ಈಗ ಬಾರಿಸೋಕೆ ಹೋದರೆ ಕೈ ಹಿಂದೆ ಉಳಿಯುತ್ತೆ.

ಇನ್ನೊಂದು ವಿಷಯ. ಫೋನಿನಲ್ಲಿ ಕವರ್ ನೀಲಿ. ನಮ್ಮದು ಪೀಚ್ ಬಣ್ಣದ್ದು, ಬೈಂಡ್ ಬಿಚ್ಚಿ ಎಷ್ಟು ಸಲ ನೋಡಿದ್ದೀನಿ. ನಮ್ಮದು ಬೇರೆ ರೆಕಾರ್ಡಿಂಗಾ? ನಿಧಾನದ್ದು ಅಂತ ಒಂದು ಇತ್ತಾ?

ಹಳೇ_ಎಲ್ಪಿ_ಮಲ್ಲೇಶ್ವರ:

ನಿಮ್ಮ ನೆನಪು ಸರಿಯಾಗೇ ಇದೆ ಮೇಡಂ. ಪೀಚ್ ಬಣ್ಣದ ಕವರೂ ಇದೆ, ನೀಲಿಯೂ ಇದೆ. ಒಳಗಿನ ಹಾಡು ಎರಡರಲ್ಲೂ ಒಂದೇ.

ನಿಧಾನದ ರೆಕಾರ್ಡಿಂಗ್ ನನಗೆ ತಿಳಿದ ಹಾಗೆ ಇಲ್ಲ, ಇನ್ನೂ ಒರಟಾಗಿ ಹೊಡೆದದ್ದು ಇದೆ. ಇವರು ಹಾಲಿವುಡ್‌ನ ಪಂಕ್ (ವೇಗದ, ಒರಟು ರಾಕ್) ಕ್ಲಬ್ಬುಗಳಲ್ಲಿ ಬೆಳೆದ ಬ್ಯಾಂಡು. 1980ರಲ್ಲಿ ಮ್ಯಾಡ್‌ನೆಸ್ ಬ್ಯಾಂಡಿನ ಜೊತೆ ಇಂಗ್ಲೆಂಡ್ ಸುತ್ತಿದ್ದ ಹೊತ್ತಿನಲ್ಲಿ ಸ್ಟಿಫ್ ಕಂಪನಿಯಿಂದ ‘ವಿ ಗಾಟ್ ದ ಬೀಟ್’ ಸಿಂಗಲ್ ಬಂತು. ಅದನ್ನು ಕೇಳಿ, ಪಂಕ್ ಎದ್ದು ಕಾಣುತ್ತೆ. ಮರುವರ್ಷ ನ್ಯೂಯಾರ್ಕ್‌ನಲ್ಲಿ ಆಲ್ಬಂ ಮಾಡಿಸಿದ ರಿಚರ್ಡ್ ಗಾಟೆರರ್, ಮಾತು ಕೇಳಿಸಬೇಕು, ರಾಗ ನಿಲ್ಲಬೇಕು ಅಂತ ವೇಗ ಇಳಿಸಿದರು. ಮೊದಲ ಸಲ ಕೇಳಿದಾಗ ಹುಡುಗಿಯರಿಗೆ ಬೇಜಾರೇ ಆಯ್ತು. ನಮ್ಮ ಪಂಕ್ ಪಾಪ್ ಆಗಿಹೋಯ್ತು ಅಂತ. ಆದರೆ ಆ ಆಲ್ಬಂ 1982ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಆರು ವಾರ ಕೂತಿತ್ತು. ತಮ್ಮ ಹಾಡು ತಾವೇ ಬರೆದು, ತಾವೇ ವಾದ್ಯ ನುಡಿಸಿದ ಹೆಣ್ಣುಮಕ್ಕಳ ಬ್ಯಾಂಡು ಅಲ್ಲಿಗೆ ಏರಿದ್ದು ಅದೇ ಮೊದಲು.

ಅಜ್ಜಿ ನೋಡಿದ ಆ ಟವೆಲ್‌ಗಳನ್ನು ಅಂಗಡಿಯಿಂದ ತಂದು, ಫೋಟೋ ಆದ ಮೇಲೆ ವಾಪಸ್ ಕೊಟ್ಟರಂತೆ.

ಸೋಲ್ಡರಿಂಗ್_ಶಿವಮೊಗ್ಗ:

ಮೇಡಂ, ಎರಡು ಪ್ರಶ್ನೆ. ಅಮೆರಿಕದ ಪ್ಲೇಯರನ್ನು ಮೈಸೂರಿನ ಕರೆಂಟಿಗೆ ಹೇಗೆ ಹಾಕುತ್ತಿದ್ದಿರಿ? ಬೇರೆ ರೆಕಾರ್ಡುಗಳು ಅದರಲ್ಲಿ ಹೇಗೆ ಕೇಳುತ್ತಿದ್ದವು?

ಸರಸ್ವತಿಪುರಂ_ತಂಗಿ:

ಇಟ್ಟಿಗೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರ್ ಇತ್ತು ಸರ್. ಗುಂಯ್ ಅನ್ನುತ್ತಿತ್ತು, ಬೆಚ್ಚಗಾಗುತ್ತಿತ್ತು. ಬೆಕ್ಕು ಅದಕ್ಕೆ ಒರಗಿಯೇ ಮಲಗುತ್ತಿತ್ತು.

ಎರಡನೇ ಪ್ರಶ್ನೆ ಓದಿ ಮೈ ಜುಂ ಅಂತು. ಅಪ್ಪನ ಹತ್ತಿರ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ಎಲ್ಪಿ ಇತ್ತು. ಚಿಕ್ಕಪ್ಪನ ಮಿಷನ್‌ನಲ್ಲಿ ಒಂದೇ ಸಲ ಹಾಕಿದರು. ಎರಡು ಸಾಲಿಗೆ ಮುಳ್ಳು ಎತ್ತಿಬಿಟ್ಟರು. “ಈ ಯಂತ್ರಕ್ಕೆ ಎಂ.ಎಸ್. ಆಗಿಬರಲ್ಲ, ಗಂಡಸು ಹಾಡಿದ ಹಾಗೆ ಕೇಳುತ್ತೆ” ಅಂದರು. ಮತ್ತೆ ಹಾಕಲೇ ಇಲ್ಲ.

ಸೋಲ್ಡರಿಂಗ್_ಶಿವಮೊಗ್ಗ:

ಅಪ್ಪಾವ್ರ ಕಿವಿ ಬಂಗಾರದ್ದು. ಉತ್ತರ ಅಲ್ಲೇ ಇತ್ತು.

ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟನ್ನು ಅಮೆರಿಕದ 110–120ಕ್ಕೆ ಇಳಿಸುತ್ತೆ, ಅಷ್ಟೇ. ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಅಲೆಯಾಡುತ್ತೆ ಅನ್ನೋ ಲೆಕ್ಕ, ಅದನ್ನು ಮುಟ್ಟಲ್ಲ. ಅಲ್ಲಿ ಕರೆಂಟು 60 ಹರ್ಟ್ಸ್, ಇಲ್ಲಿ 50. ಆ ಕಾಲದ ಎಷ್ಟೋ ಪ್ಲೇಯರ್‌ಗಳಲ್ಲಿ ಎ.ಸಿ. ಮೋಟರ್ ಇರುತ್ತಿತ್ತು. ಅದು ತಿರುಗೋ ವೇಗ ಹರ್ಟ್ಸ್ ನೋಡಿಕೊಂಡೇ. ಹಾಗಾಗಿ ನಿಮಿಷಕ್ಕೆ 33⅓ ಸುತ್ತು ಹೊಡೆಯಬೇಕಾದ ಪ್ಲೇಟು ನಿಮ್ಮ ಮನೆಯಲ್ಲಿ ಸುಮಾರು 27.8 ಸುತ್ತು ಹೊಡೆಯುತ್ತಿತ್ತು. ಎರಡೂಮುಕ್ಕಾಲು ನಿಮಿಷದ ಹಾಡು ಮೂರೂಕಾಲು ದಾಟುತ್ತೆ. ಶ್ರುತಿಯೂ ಇಳಿಯುತ್ತೆ. ಹಾರ್ಮೋನಿಯಂ ಮೇಲೆ ಕಪ್ಪು ಬಿಳಿ ಎರಡೂ ಸೇರಿಸಿ ಎಣಿಸಿದರೆ ಮೂರು ಮನೆ ಕೆಳಗೆ.

ಮೋಟರ್ ಮೇಲಿನ ಪುಲ್ಲಿ ತೆಗೆದು ಸ್ವಲ್ಪ ದಪ್ಪಗಿನದು ಹಾಕಿದ್ದರೆ ಸರಿಹೋಗುತ್ತಿತ್ತು. ಗಲ್ಫ್, ಅಮೆರಿಕದಿಂದ ಬಂದ ಸೆಟ್ಟುಗಳು ಎಷ್ಟೋ ನನ್ನ ಟೇಬಲ್ ಮೇಲೆ ಬಂದಿವೆ, ಈ ಪುಲ್ಲಿ ಕೆಲಸ ನಾನೇ ಮಾಡಿದ್ದೀನಿ.

ನಿಮ್ಮ ಹಳೇ ಹಾಡು ಬೇಕಾ? ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನೋ ಆಡಿಯೋ ತಿದ್ದುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ವೇಗ 0.833ಕ್ಕೆ ಇಳಿಸಿ. ಶ್ರುತಿ ಹಾಗೇ ಉಳಿಸುವ ಆಯ್ಕೆ ಒತ್ತಬೇಡಿ, ವೇಗ ಶ್ರುತಿ ಎರಡೂ ಜೊತೆಗೇ ಇಳಿಯಬೇಕು.

ಕವೆಂಟ್ರಿ_ಕನ್ನಡತಿ:

ಇದನ್ನು ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಾನಿರೋ ಊರು ದ ಸ್ಪೆಷಲ್ಸ್ ಬ್ಯಾಂಡಿನ ಊರು. ‘ಅವರ್ ಲಿಪ್ಸ್ ಆರ್ ಸೀಲ್ಡ್’ ಬರೆದವರಲ್ಲಿ ಒಬ್ಬರು ಗೋ-ಗೋಸ್‌ನ ಜೇನ್ ವೀಡ್ಲಿನ್. ಇನ್ನೊಬ್ಬರು ಸ್ಪೆಷಲ್ಸ್‌ನ ಟೆರ‍್ರಿ ಹಾಲ್. 1980ರಲ್ಲಿ ಇಬ್ಬರಿಗೂ ಪ್ರೀತಿ ಇತ್ತು, ಹೊರಗೆ ಹೇಳೋ ಹಾಗಿರಲಿಲ್ಲ. ಜೇನ್ ಅಮೆರಿಕಕ್ಕೆ ಹೋದ ಮೇಲೆ ಟೆರ‍್ರಿ ಅಂಚೆಯಲ್ಲಿ ಸಾಲುಗಳನ್ನು ಕಳಿಸಿದರು, ಜೇನ್ ಹಾಡು ಪೂರ್ತಿ ಮಾಡಿದರು.

1983ರಲ್ಲಿ ಟೆರ‍್ರಿ ತಮ್ಮ ಫನ್ ಬಾಯ್ ತ್ರೀ ಬ್ಯಾಂಡಿನಲ್ಲಿ ಅದೇ ಹಾಡು ಹಾಡಿದರು. ಅದು ನಿಧಾನ, ದನಿ ಕೆಳಗೆ, ಒಳಗೆ ದುಃಖ. ನಿಮ್ಮ ಮನೆಯಲ್ಲಿ ಕೇಳಿಸಿದ ಆ ಬೇಜಾರು ಮೋಟರಿನದ್ದು ಮಾತ್ರ ಅಲ್ಲ ಅಂತ ನನಗೆ ಅನ್ನಿಸುತ್ತೆ. ಹಾಡಿನಲ್ಲೇ ಇತ್ತು.

ಸರಸ್ವತಿಪುರಂ_ತಂಗಿ:

ನಿನ್ನೆ ರಾತ್ರಿ ಮಗ ಕೂತು 0.833 ಮಾಡಿಕೊಟ್ಟ. ಹಾಸನದಲ್ಲಿರೋ ಅಕ್ಕನಿಗೆ ಫೋನ್ ಮಾಡಿ, ಏನೂ ಹೇಳದೆ ಸ್ಪೀಕರ್ ಹತ್ತಿರ ಹಿಡಿದೆ. ಒಂದು ಸಾಲು ಮುಗಿಯೋ ಮುಂಚೆ ಅಕ್ಕ, “ಅಯ್ಯೋ, ಬೈಂಡ್ ಹಾಕಿದ್ದು! ಎಲ್ಲಿ ಸಿಕ್ತೇ ಅದು?” ಅಂದಳು. ಪೂರ್ತಿ ಕೇಳಿದೆವು. ಎರಡನೇ ಸೈಡಿನ ಹೊತ್ತಿಗೆ ಇಬ್ಬರಿಗೂ ಮಾತು ಹೊರಡಲಿಲ್ಲ.

ಆಮೇಲೆ ಸರಿಯಾದ ವೇಗದ್ದು ಹಾಕಿದೆ. ಅಕ್ಕ ತುಂಬಾ ಹೊತ್ತು ಸುಮ್ಮನಿದ್ದಳು. “ಇವರೆಲ್ಲ ಇಷ್ಟು ಚಿಕ್ಕ ಹುಡುಗಿಯರಾಗಿದ್ರಾ?” ಅಂತ ಕೇಳಿದಳು.

ಹೌದಲ್ವಾ, ಇಪ್ಪತ್ತು ಚಿಲ್ಲರೆ ವಯಸ್ಸು. ನಮಗೆ ಅವರು ಯಾವಾಗಲೂ ದೊಡ್ಡವರು.

ಮಲ್ಲೇಶ್ವರದ ಸರ್, ಪೀಚ್ ಬಣ್ಣದ ಕವರಿನದ್ದು ಎಲ್ಲಾದರೂ ಕಣ್ಣಿಗೆ ಬಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಮಾರ್ಚಿನಲ್ಲಿ ಅಕ್ಕನ ಹುಟ್ಟುಹಬ್ಬ ಇದೆ. ಬ್ರೌನ್ ಪೇಪರ್ ನಾನು ತಂದಿಟ್ಟಿದ್ದೀನಿ.